ನಮ್ಮ ಜಿಮ್ನಾಸ್ಟಿಕ್ಸ್ ಮೇಷ್ಟ್ರ ನೆನಪಿಗೆ ಏನು ಮಾಡೋಣ? ದಾವಣಗೆರೆಯ ಹಳೇ ಹುಡುಗರು ಹೇಳಿ

ಬಲಗೈ ವಾಚ್:

ದಾವಣಗೆರೆಯಲ್ಲಿ ಓದಿ, ಬೆಳಿಗ್ಗೆ ಐದೂವರೆಗೆ ಕಾಲೇಜಿನ ಹಿಂದಿನ ತಗಡಿನ ಶೆಡ್ಡಿಗೆ ಹೋಗುತ್ತಿದ್ದವರು ಯಾರಾದರೂ ಇಲ್ಲಿದ್ದೀರಾ? ನಮ್ಮ ಜಿಮ್ನಾಸ್ಟಿಕ್ಸ್ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ನನಗೆ ಗೊತ್ತಾಗಿದ್ದು ಮೂರು ದಿನ ಬಿಟ್ಟು, ಯಾರದೋ ಸ್ಟೇಟಸ್ ನೋಡಿ. ಮಣ್ಣಿಗೆ ಹೋಗೋಕೂ ಆಗಲಿಲ್ಲ.

ನಾನು ಸೇರಿದ್ದು 1995ರಲ್ಲಿ. ಆಗಿನ್ನೂ ದಾವಣಗೆರೆ ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು, ಕಾಲೇಜುಗಳು ಕುವೆಂಪು ವಿವಿಗೆ ಸೇರಿದ್ದವು. ಊರಲ್ಲಿ ಮೈ ಬೆಳೆಸೋದು ಅಂದರೆ ಗರಡಿ ಮನೆ, ದುರ್ಗಮ್ಮನ ಜಾತ್ರೆಯ ಕುಸ್ತಿ, ಅಷ್ಟೇ. ಜಿಮ್ನಾಸ್ಟಿಕ್ಸ್ ಅಂದಾಗ ನಮ್ಮಪ್ಪ ‘ಸರ್ಕಸ್ ಸೇರ್ತೀಯೇನಲೇ’ ಅಂದಿದ್ದರು. ಮೇಷ್ಟ್ರು ಯಾರನ್ನಾದರೂ ಹೊಗಳಿದ್ದು ನನಗೆ ನೆನಪಿಲ್ಲ. ಲಾಗ ಹಾಕಿ ನಿಂತರೆ ಮುಖ ನೋಡುತ್ತಿರಲಿಲ್ಲ, ಪಾದ ನೋಡುತ್ತಿದ್ದರು. ‘ಬೆರಳೆಲ್ಲಿ ಬಿಟ್ಟು ಬಂದ್ಯಲೇ?’ ಅನ್ನೋರು. ಕಾಲಿನ ಬೆರಳು ಚಾಚಿಲ್ಲ ಅಂತ. ಈಗ ಐವತ್ತರ ಹತ್ತಿರ ಬಂದೆ, ಮಂಚದ ಮೇಲೆ ಕಾಲು ನೀಡಿದರೂ ಬೆರಳು ತಾನಾಗೇ ಚಾಚುತ್ತೆ, ಹೆಂಡತಿ ನಗ್ತಾಳೆ.

ಅವರು ವಾಚನ್ನು ಬಲಗೈಗೆ ಕಟ್ಟುತ್ತಿದ್ದರು. ಅದೇ ಸ್ಟೈಲ್ ಅಂದುಕೊಂಡು ನಾವೆಲ್ಲ ಬಲಗೈಗೆ ಕಟ್ಟಿದೆವು. ನಾನು ಇವತ್ತಿಗೂ ಹಾಗೇ.

ವಿಷಯ ಏನಂದ್ರೆ, ನಮ್ಮ ಗುಂಪಿನಲ್ಲಿ ಅವರ ನೆನಪಿಗೆ ಏನಾದರೂ ಮಾಡೋಣ ಅಂತ ಮಾತು ನಡೆದಿದೆ. ಕೆಲವರು ಪುತ್ಥಳಿ ಅಂತಾರೆ. ಇನ್ನು ಕೆಲವರು ಒಂದು ಸಭೆ, ಶಾಲು, ಊಟ ಅಂತಾರೆ. ನಿಮಗೇನು ಅನ್ನಿಸುತ್ತೆ?

ಪಿಬಿ ರೋಡ್:

ಪುತ್ಥಳಿ ಬೇಡವೇ ಬೇಡ. ಒಂದು ನಿಮಿಷ ನಿಂತ ಕಡೆ ನಿಲ್ಲದ ಮನುಷ್ಯನನ್ನು ಕಲ್ಲು ಮಾಡಿ ನಿಲ್ಲಿಸ್ತೀರಾ?

ಮ್ಯಾಟ್ ಕೊಡಿಸಿ. ಸ್ಪರ್ಧೆಗಳಲ್ಲಿ ಇಳಿಯೋ ಜಾಗಕ್ಕೆ 20 ಸೆಂ.ಮೀ. ದಪ್ಪದ ಮ್ಯಾಟ್ ಹಾಕಿರ್ತಾರೆ. ನಮ್ಮದು ತೆಂಗಿನ ನಾರಿನದು, ಎರಡು ಬೆರಳು ದಪ್ಪ, ನಡುವೆ ಹಳ್ಳ. ಮೇಷ್ಟ್ರು ಹತ್ತಿ ಮಿಲ್ಲಿನಿಂದ ಕಸದ ಹತ್ತಿ ಬೇಡಿ ತಂದು, ಗೋಣಿಚೀಲಕ್ಕೆ ತುಂಬಿ, ತಾವೇ ದಬ್ಬಳ ಹಿಡಿದು ಹೊಲಿದು ಆ ಹಳ್ಳಕ್ಕೆ ಹಾಕುತ್ತಿದ್ದರು. ಮಳೆಗಾಲದಲ್ಲಿ ಅದು ನೆಂದು ಎಂಥಾ ವಾಸನೆ ಅಂತೀರಿ! ಹಿಡಿತ ಜಾರದಂತೆ ಕೈಗೆ ಹಚ್ಚೋ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿಯನ್ನಂತೂ ಹಾಲಿನ ಪುಡಿ ಡಬ್ಬಿಯಲ್ಲಿಟ್ಟು ಬೀಗ ಹಾಕೋರು, ಒಬ್ಬರಿಗೆ ಒಂದೇ ಚಮಚ. ಶಾಲು ಸನ್ಮಾನದ ದುಡ್ಡಲ್ಲಿ ಇವೆರಡೂ ಬರುತ್ತೆ, ಸುಮ್ನೆ ಯಾಕೆ ಖರ್ಚು.

ದುರ್ಗದವ:

ವಾಚಿನ ವಿಷಯ ಸ್ಟೈಲ್ ಅಲ್ಲ ತಮ್ಮಾ.

ನಾನು ನಿನಗಿಂತ ನಾಲ್ಕು ವರ್ಷ ಮುಂಚಿನವನು. ಚಿತ್ರದುರ್ಗದಿಂದ ಬಂದು ಹಾಸ್ಟೆಲಲ್ಲಿದ್ದೆ. ಹೈ ಬಾರ್ ಮೇಲೆ ಪೂರ್ತಿ ಸುತ್ತು ಹೊಡೆಯೋದು ಕಲೀತಿದ್ದೆ. ಬಾರ್ ಇರೋದು ನೆಲದಿಂದ 2.8 ಮೀಟರ್ ಎತ್ತರಕ್ಕೆ, ಸುತ್ತುವಾಗ ಕಾಲು ಅದಕ್ಕೂ ಮೇಲೆ ಹೋಗುತ್ತೆ. ಅಂಗೈಯಲ್ಲಿ ಗುಳ್ಳೆ ಎದ್ದಿತ್ತು, ಹೇಳಿದರೆ ಇಳಿಸ್ತಾರೆ ಅಂತ ಮುಚ್ಚಿಟ್ಟಿದ್ದೆ. ಮೂರನೇ ಸುತ್ತಿಗೆ ಗುಳ್ಳೆ ಕಿತ್ತು ಕೈ ಜಾರಿತು. ಮ್ಯಾಟ್ ಇಲ್ಲದ ಕಡೆಗೆ ಹಾರಿದೆ. ಮೇಷ್ಟ್ರು ಎಲ್ಲಿದ್ದರೋ, ಹೇಗೆ ಬಂದರೋ, ಎರಡೂ ಕೈ ನನ್ನ ಬೆನ್ನಿನ ಕೆಳಗಿತ್ತು. ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅವರು ಎದ್ದು, ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು, ‘ಕೈ ತೊಳ್ಕೊಂಡು ಬಂದು ಪ್ಯಾರಲಲ್ ಬಾರ್ ಹಿಡಿ’ ಅಂದರು. ಒಂದು ಬೈಗುಳ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಕೈಗೆ ಪ್ಲಾಸ್ಟರ್. ಸೈಕಲ್ಲಿಂದ ಬಿದ್ದೆ ಅಂತ ಎಲ್ಲರಿಗೂ ಹೇಳಿದರು. ಮಣಿಕಟ್ಟಿನ ಮೂಳೆ ಸ್ವಲ್ಪ ಸೊಟ್ಟ ಕೂಡಿಕೊಂಡಿತು, ವಾಚಿನ ಬೆಲ್ಟ್ ಕಟ್ಟಿದರೆ ಒತ್ತುತ್ತಿತ್ತು. ಅದಕ್ಕೇ ಬಲಗೈ. ನಾನೂ ಯಾರಿಗೂ ಹೇಳಿರಲಿಲ್ಲ, ಮೂವತ್ತು ವರ್ಷದ ಮೇಲಾಯ್ತು. ನೀವೆಲ್ಲ ಬಲಗೈಗೆ ವಾಚ್ ಕಟ್ಟಿಕೊಂಡು ತಿರುಗಿದ್ದು ಇವತ್ತೇ ಗೊತ್ತಾಗಿದ್ದು. ಓದಿ ನಕ್ಕೆ, ಆಮೇಲೆ ಸ್ವಲ್ಪ ಹೊತ್ತು ಫೋನ್ ಪಕ್ಕಕ್ಕಿಟ್ಟೆ.

ಮ್ಯಾಟ್ ಅಂತ ಆದರೆ ಮೊದಲನೇದು ನನ್ನದು. ಹೈ ಬಾರ್ ಕೆಳಗೇ ಹಾಕಬೇಕು, ಎರಡೂ ಕಡೆ.

ಮಂಡಕ್ಕಿ ಮಿರ್ಚಿ:

ಅಣ್ಣಂದಿರೇ, ನಾನು 2015ರ ಬ್ಯಾಚು, ದಾವಣಗೆರೆ ವಿವಿ ಕಾಲದವಳು. ಮೇಷ್ಟ್ರು ಆಗಲೇ ರಿಟೈರ್ ಆಗಿದ್ದರು, ಆದರೂ ದಿನಾ ಬರುತ್ತಿದ್ದರು. ಹುಡುಗಿಯರು ಇದ್ದಿದ್ದು ಮೂರೇ ಜನ. ನಮಗೆ ಬ್ಯಾಲೆನ್ಸ್ ಬೀಮ್, ಅದೇ ಮೇಲೆ ನಡೆದು ಲಾಗ ಹಾಕೋ ಕಿರಿದಾದ ತೊಲೆ, ಇರಲಿಲ್ಲ. ಅದರ ಅಗಲ 10 ಸೆಂ.ಮೀ. ಅಷ್ಟೇ ಅಲ್ವಾ, ಇವರು ಟಿಂಬರ್ ಡಿಪೋದಲ್ಲಿ ಒಂದು ತೊಲೆಯನ್ನು ಅಷ್ಟೇ ಅಗಲಕ್ಕೆ ಕೊಯ್ಸಿ, ಮನೆಯಿಂದ ಹಳೇ ಸೀರೆ ತಂದು ಸುತ್ತಿಸಿದ್ದರು. ನಿಜವಾದ ಬೀಮ್ 1.25 ಮೀಟರ್ ಎತ್ತರ, ನಮ್ಮದು ಮೊಣಕಾಲಿನವರೆಗೆ. ಯಾರ ಸೀರೆ ಅಂತ ಕೇಳಿದರೆ ‘ಅವಳಿಗೆ ಇನ್ನೂ ಗೊತ್ತಾಗಿಲ್ಲ’ ಅಂದರು.

ಯಾರನ್ನೂ ಹೊಗಳಲಿಲ್ಲ ಅಂದ್ರಲ್ಲ, ಒಂದು ಸಲ ಹೊಗಳಿದ್ದಾರೆ. ರಿಯೋ ಒಲಿಂಪಿಕ್ಸ್ ವಾಲ್ಟ್ ಫೈನಲ್, 14 ಆಗಸ್ಟ್ 2016, ನಮಗೆ ನಡುರಾತ್ರಿ ಹತ್ತಿರ. ತ್ರಿಪುರಾದ ದೀಪಾ ಕರ್ಮಾಕರ್ ಪ್ರೊಡುನೋವಾ ಹಾಕಿದರು. ಓಡಿ ಬಂದು ವಾಲ್ಟ್ ಮೇಜಿನ ಮೇಲೆ ಕೈ ಊರಿ, ಗಾಳಿಯಲ್ಲಿ ಮುಂದಕ್ಕೆ ಎರಡು ಲಾಗ. 15.066 ಬಂದು ನಾಲ್ಕನೇ ಸ್ಥಾನ, ಕಂಚಿಗೆ 0.150 ಕಡಿಮೆ. ಬೆಳಗಾದರೆ ಸ್ವಾತಂತ್ರ್ಯ ದಿನ, ನಾವು ಪಿರಮಿಡ್ ಕಟ್ಟಬೇಕಿತ್ತು. ಮೇಷ್ಟ್ರು ಕೆಂಪು ಕಣ್ಣು ಮಾಡಿಕೊಂಡು ಬಂದರು. ನಾನು ‘ಪದಕ ಹೋಯ್ತಲ್ಲ ಸರ್’ ಅಂದೆ. ‘ಇಳಿಯುವಾಗ ಪೂರ್ತಿ ಕೂತುಬಿಟ್ಟಳು, ಅದಕ್ಕೇ ಹೋಯ್ತು’ ಅಂತ ಒಂದು ತಪ್ಪು ಹಿಡಿದರು. ಆಮೇಲೆ ಬಾವುಟದ ಕಡೆ ನೋಡಿಕೊಂಡೇ, ಮೆಲ್ಲಗೆ, ‘ಆದರೂ ಎಂಥಾ ಹುಡುಗಿ’ ಅಂದರು.

ಆ ತೊಲೆ ಇನ್ನೂ ಅಲ್ಲೇ ಇದೆ. ಹೋದ ವರ್ಷ ನೋಡಿದ್ದೆ, ಮುರಿದ ಡೆಸ್ಕುಗಳ ಕೆಳಗೆ.

ಬಲಗೈ ವಾಚ್:

ದುರ್ಗದಣ್ಣ, ನಾಲ್ಕು ವರ್ಷ ಅವರ ಜೊತೆಗಿದ್ದೂ ಒಂದು ದಿನ ಕೇಳಲಿಲ್ಲ ನೋಡಿ. ಕೇಳಿದ್ದರೂ ಸೈಕಲ್ ಕಥೆಯೇ ಹೇಳುತ್ತಿದ್ದರೇನೋ.

ಸರಿ, ಪುತ್ಥಳಿ ಬಿಟ್ಟೆವು. ಮ್ಯಾಟ್ ಮತ್ತು ಪುಡಿ. ತಂಗಿ, ಆ ತೊಲೆ ಹೊರಗೆ ತೆಗೆಯೋಣ, ಹೊಸ ಬಟ್ಟೆ ಸುತ್ತಿದರೆ ಆಯ್ತು. ಬೀಗದ ಕೈ ಯಾರ ಹತ್ತಿರ ಇದೆ ಅಂತ ಸ್ವಲ್ಪ ವಿಚಾರಿಸು. ಬರೋ ಭಾನುವಾರ ಎಲ್ಲರೂ ಶೆಡ್ಡಿನ ಹತ್ತಿರ ಸೇರೋಣ. ಐದೂವರೆ ಅಂತ ಬರೆದಿದ್ದೆ, ಈಗ ಯಾರು ಏಳ್ತಾರೆ ಅಂತ ಅಳಿಸಿ ಹತ್ತು ಗಂಟೆ ಮಾಡಿದೆ.

ಪಿಬಿ ರೋಡ್:

ಐದೂವರೆಗೇ ಇಡಿ. ಬೆಣ್ಣೆ ದೋಸೆ ಲೆಕ್ಕ ನಂದು.