ಪದಚರ್ಚೆ: ತೋಟದ ಫಲಕಕ್ಕೆ ‘ಫ್ರಾಸ್ಟ್’ – ಇಬ್ಬನಿಯೋ, ಹಿಮವೋ, ಮಂಜೋ?

ನೇಪರ್ವಿಲ್‌ನಿಂದ

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಪದ ಬೇಕು. ಶಿಕಾಗೋ ಪಶ್ಚಿಮಕ್ಕಿರುವ ಇಲ್ಲಿನ ಸಮುದಾಯ ತೋಟದಲ್ಲಿ ಮಣ್ಣಿಗಿಳಿಯುವವರಲ್ಲಿ ಏಪ್ರಿಲ್ ಹೊತ್ತಿಗೆ ಊರಿಂದ ಬಂದಿಳಿಯುವ ಅಪ್ಪ ಅಮ್ಮಂದಿರೇ ಹೆಚ್ಚು. ನಾಲ್ಕು ದಿನ ಬಿಸಿಲು ಕಂಡರೆ ಸಾಕು, ಬದನೆ ಸಸಿ ನೆಟ್ಟುಬಿಡುತ್ತಾರೆ. ಅವರಿಗೋಸ್ಕರ ಗೇಟಿನ ಹತ್ತಿರ ಕನ್ನಡ ಫಲಕ ಹಾಕಬೇಕು. ಇಂಗ್ಲಿಷ್ ಫಲಕದಲ್ಲಿರುವ ನಾಲ್ಕು ಮಾತು: ‘ಆವರೇಜ್ ಲಾಸ್ಟ್ ಫ್ರಾಸ್ಟ್ ಡೇಟ್’ (ವಸಂತದಲ್ಲಿ ಕೊನೆಯ ಫ್ರಾಸ್ಟ್ ಬೀಳುವ ಸರಾಸರಿ ದಿನ), ‘ಫ್ರಾಸ್ಟ್ ಅಡ್ವೈಸರಿ’ (ಫ್ರಾಸ್ಟಿನ ಮುನ್ಸೂಚನೆ), ‘ಫ್ರೀಜ್ ವಾರ್ನಿಂಗ್’ (ನೀರು ಗಡ್ಡೆಕಟ್ಟುವ ಚಳಿಯ ಎಚ್ಚರಿಕೆ), ‘ಹಾರ್ಡನಿಂಗ್ ಆಫ್’ (ಮನೆಯೊಳಗೆ ಬೆಳೆದ ಸಸಿಯನ್ನು ನೆಡುವ ಮುಂಚೆ ಹೊರಗಿನ ಹವೆಗೆ ಹೊಂದಿಸುವುದು).

ಫ್ರಾಸ್ಟ್ ಅಂದರೆ ಚಳಿ ರಾತ್ರಿ ಹುಲ್ಲು, ಎಲೆಯ ಮೇಲೆ ಬೆಳ್ಳಗೆ ಗಡ್ಡೆಕಟ್ಟುವ ತೇವ. ಅದಕ್ಕೆ ಸದ್ಯಕ್ಕೆ ‘ಇಬ್ಬನಿ’ ಅಂತ ಬರೆದುಕೊಂಡಿದ್ದೇನೆ, ಸಮಾಧಾನವಿಲ್ಲ. ಫ್ರಾಸ್ಟಿಗೂ ಫ್ರೀಜಿಗೂ ಬೇರೆ ಬೇರೆ ಪದ ಬೇಕು. ಹವಾಮಾನ ಸೇವೆಯವರು ರಾತ್ರಿಯ ಕನಿಷ್ಠ 33–36 ಡಿಗ್ರಿ ಫ್ಯಾರನ್‌ಹೀಟ್ ಆಗಬಹುದು ಅನ್ನಿಸಿದರೆ ಫ್ರಾಸ್ಟ್ ಅಡ್ವೈಸರಿಯನ್ನೂ 32 ಅಥವಾ ಅದಕ್ಕಿಂತ ಕೆಳಗೆ ಹೋಗುವುದಿದ್ದರೆ ಫ್ರೀಜ್ ವಾರ್ನಿಂಗನ್ನೂ ಹೊರಡಿಸುತ್ತಾರೆ. ಶುಕ್ರವಾರ ಅಚ್ಚಿಗೆ ಹೋಗುತ್ತದೆ.

ಮೈಸೂರಿನಿಂದ

ಇಬ್ಬನಿಯ ಹತ್ತಿರ ಹೋಗಿದ್ದೀರಿ, ಬಿಡಬೇಡಿ. ಇದರ ಹಿಂಬದಿಯಲ್ಲಿರುವುದು ‘ಪನಿ’. ನಮ್ಮ ಹನಿಯ ಹಳೆಯ ರೂಪ. ಕಣ್+ಪನಿ ಕಂಬನಿ ಆದ ಹಾಗೆ. ತಮಿಳರಿಗೆ ಇಂದಿಗೂ ಇಬ್ಬನಿಯೂ ಪನಿ, ಫ್ರಾಸ್ಟೂ ಪನಿ. ನಾವು ಅದನ್ನು ಮಳೆಹನಿ, ಎಣ್ಣೆಹನಿ ಅಂತ ಬರೀ ತೊಟ್ಟಿಗೆ ಇಳಿಸಿಕೊಂಡೆವು. ಮರಳಿ ತರಬೇಕು. ಬೆಳ್+ಪನಿ, ‘ಬೆಳ್ವನಿ’. ಹುಲ್ಲಿನ ಮೇಲೆ ಬೆಳ್ಳಗೆ ಕೂರುವುದಕ್ಕೆ ಇದಕ್ಕಿಂತ ಚೊಕ್ಕ ಪದ ಸಿಗದು. ಈಗ ಯಾರಾದರೂ ‘ಹಿಮ’ ಅಂತ ಬರುತ್ತಾರೆ. ಸಂಸ್ಕೃತದ ಹಿಮಕ್ಕೆ ಚಳಿ, ಫ್ರಾಸ್ಟ್, ಸ್ನೋ ಎಲ್ಲವೂ ಒಂದೇ. ಹೇಮಂತದಲ್ಲಿರುವುದೂ ಅದೇ ಬೇರು. ಎಲ್ಲಕ್ಕೂ ಒಗ್ಗುವ ಪದ ಯಾವುದಕ್ಕೂ ಆಗುವುದಿಲ್ಲ. ‘ತುಷಾರ’ವಂತೂ ಬೇಡವೇ ಬೇಡ, ಓದಿದವರು ಮಾಸಪತ್ರಿಕೆ ಎಲ್ಲಿ ಅಂತ ಹುಡುಕುತ್ತಾರೆ.

ಬೆಂಗಳೂರಿನಿಂದ

ಸರ್, ಬೆಳ್ವನಿ ಕವಿತೆಗಿರಲಿ. ಬಿಳಿ ಕೂರದೆಯೂ ಸಸಿ ಸಾಯುತ್ತದೆ. ಗಾಳಿ ಒಣಗಿದ್ದರೆ ಉಷ್ಣಾಂಶ ಸೊನ್ನೆ ಸೆಲ್ಸಿಯಸ್ಸಿಗಿಂತ ಕೆಳಗಿಳಿದರೂ ಎಲೆಯ ಮೇಲೆ ಏನೂ ಕಾಣುವುದಿಲ್ಲ. ಎಲೆಯ ಒಳಗೆ, ಜೀವಕೋಶಗಳ ನಡುವೆ ನೀರು ಗಡ್ಡೆಕಟ್ಟಿ, ಕೋಶದೊಳಗಿನ ನೀರನ್ನೂ ಹೊರಕ್ಕೆಳೆದು ಅದರ ಪೊರೆ ಹರಿಯುತ್ತದೆ. ಬೆಳಿಗ್ಗೆ ಎಲೆ ಬಿಸಿನೀರಲ್ಲಿ ಅದ್ದಿದ ಸೊಪ್ಪಿನಂತೆ ಜೋತು, ಸಂಜೆಗೆ ಕಪ್ಪಾಗುತ್ತದೆ. ಇಂಗ್ಲಿಷಿನವರು ಇದನ್ನು ಕರಿ ಫ್ರಾಸ್ಟ್ ಅನ್ನುತ್ತಾರೆ. ನೀವು ‘ಕರ್ವನಿ’ ಅಂತೀರಾ?

ಕೇಳಿದವರಿಗೆ: ಚಾಲ್ತಿಯಲ್ಲಿರುವ ಮೂರು ಪದಗಳೂ ಇಲ್ಲಿ ದಾರಿ ತಪ್ಪಿಸುತ್ತವೆ, ಒಂದೊಂದು ಒಂದೊಂದು ದಿಕ್ಕಿಗೆ.

ಇಬ್ಬನಿ ಅಂದರೆ ಹಳೇ ಮೈಸೂರು ಕಡೆಯವರಿಗೆ ಶುಭಸುದ್ದಿ. ಇಬ್ಬನಿ ಬಿದ್ದರೇ ಅವರೆಗೆ ಸೊಗಡು ಅನ್ನುವ ಮಾತಿದೆ. ‘ಇಬ್ಬನಿ ಬೀಳುತ್ತದೆ, ಎಚ್ಚರ’ ಎಂದು ಬರೆದರೆ ಮಂಡ್ಯದಿಂದ ಬಂದ ಅಜ್ಜಿ ನಕ್ಕು ಮುಂದೆ ಹೋಗುತ್ತಾರೆ.

ಹಿಮ ಅಂದರೆ ಅವರ ಕಣ್ಣಿಗೆ ಬರುವುದು ಸ್ನೋ. ಮೇ ತಿಂಗಳಲ್ಲಿ ಸ್ನೋ ಎಲ್ಲಿದೆ ಅಂತ ನೆಡುತ್ತಾರೆ. ಸ್ನೋ ಬೀಳುವುದು ಮೋಡ ಕವಿದಾಗ. ಸಸಿ ಕೊಲ್ಲುವ ಚಳಿ ಬರುವುದು ಮೋಡವಿಲ್ಲದ, ಗಾಳಿಯಾಡದ ರಾತ್ರಿ, ನೆಲದ ಕಾವೆಲ್ಲ ನೇರ ಆಕಾಶಕ್ಕೆ ಹೋದಾಗ.

ಮಂಜು ಅಂದರೆ ಮುಸುಕು, ಕಾವಳ. ಮಂಜು ಮುಸುಕಿದ ರಾತ್ರಿ ನೆಲದ ಕಾವು ಉಳಿಯುತ್ತದೆ, ಸಸಿ ಬದುಕುತ್ತದೆ. ಅಂದರೆ ಅರ್ಥ ಪೂರಾ ತಿರುಗುಮುರುಗು.

ಇನ್ನು 36 ಡಿಗ್ರಿಯಲ್ಲೂ, ಅಂದರೆ 2 ಸೆಲ್ಸಿಯಸ್ಸಿನಲ್ಲೂ, ಫ್ರಾಸ್ಟ್ ಹೇಗೆ ಅಂತ ಯಾರಾದರೂ ಕೇಳುವ ಮೊದಲೇ: ಉಷ್ಣಮಾಪಕ ಇರುವುದು ಆಳೆತ್ತರದಲ್ಲಿ, ಸಸಿ ಇರುವುದು ನೆಲದ ಮಟ್ಟದಲ್ಲಿ. ತಿಳಿ ರಾತ್ರಿಯಲ್ಲಿ ನೆಲ ಅದಕ್ಕಿಂತ ಎರಡು ಮೂರು ಸೆಲ್ಸಿಯಸ್ ತಣ್ಣಗಿರುತ್ತದೆ.

ಊಟಿಯಿಂದ

ಇಲ್ಲಿ ನವೆಂಬರಿನಿಂದ ಫೆಬ್ರವರಿ ತನಕ ಇದೇ ಪಾಡು. ತಮಿಳಿನಲ್ಲಿ ‘ಉರೈಪನಿ’. ಉರೈ ಅಂದರೆ ಗಟ್ಟಿಯಾಗು. ಹಾಲಿಗೆ ಮಜ್ಜಿಗೆ ಬಿಟ್ಟು ಉರೈಯಿಸುವುದೂ ಅದೇ ಮಾತಿನಲ್ಲಿ. ನಮ್ಮಲ್ಲಿ ಆ ಕೆಲಸ ಹೆಪ್ಪಿನದು. ನೀರು ಹೆಪ್ಪುಗಟ್ಟಿತು ಅಂತ ಎಲ್ಲರೂ ಹೇಳುತ್ತೇವೆ. ಅಲ್ಲಿಂದ ಹುಡುಕಿ.

ಫಲಕದಲ್ಲಿ ಒಂದು ಮಾತು ಸೇರಿಸಿ: ತಗ್ಗಿನ ಪಾತಿಗೆ ಮೊದಲು ಹೊಡೆತ. ತಣ್ಣನೆ ಗಾಳಿ ಭಾರ, ನೀರಿನ ಹಾಗೆ ಇಳಿಜಾರಲ್ಲಿ ಹರಿದು ತಗ್ಗಲ್ಲಿ ನಿಲ್ಲುತ್ತದೆ. ಇಲ್ಲೂ ಕಣಿವೆಯ ತಳದಲ್ಲಿ ಹುಲ್ಲು ಬೆಳ್ಳಗಾದ ದಿನ ಅದೇ ಗುಡ್ಡದ ನಡು ಇಳಿಜಾರು ಹಸಿರಾಗಿಯೇ ಇರುತ್ತದೆ. ತೋಟದ ಕೆಳಬದಿಯಲ್ಲಿ ಹಲಗೆ ಬೇಲಿ ಇದ್ದರೆ ಗಾಳಿ ಅಲ್ಲೇ ಕಟ್ಟಿ ನಿಲ್ಲುತ್ತದೆ, ಅಡಿಯಲ್ಲಿ ಸಂದು ಬಿಡಿ.

ಮೈಸೂರಿನಿಂದ

ಸರಿ, ಹೆಪ್ಪು+ಪನಿ, ‘ಹೆಪ್ಪುವನಿ’. ಚರ್ಚೆ ಮುಗಿಯಿತು.

ಧಾರವಾಡದಿಂದ

ಮುಗೀಲಿಲ್ರೀ. ಫಲಕ ಓದಾವ್ರು ಯಾರು ಅಂತ ಮೊದಲ ನೋಡ್ರಿ. ಹೆಪ್ಪುವನಿ ಅಂದ್ರ ಏನು ಅಂತ ತಿಳಿಸ್ಲಿಕ್ಕೆ ಇನ್ನೊಂದು ಫಲಕ ಹಾಕಬೇಕಾಗ್ತದ. ಫ್ರಾಸ್ಟ್ ಅಂತನ ಬರೀರಿ. ಮಗ, ಸೊಸಿ ಮನಿಯೊಳಗ ಅದನ್ನ ಅಂತಾರ, ಫೋನಿನ್ಯಾಗ ಬರೋ ಎಚ್ಚರಿಕಿನೂ ಅದ. ನಾವು ಬಟಾಟಿ ಅಂತೀವಿ, ಪೋರ್ಚುಗೀಸರ ಪದ, ಹೊಟ್ಟಿ ನೋಯಿಸಿಲ್ಲ. ಮತ್ತ ನಮ್ಮ ಕಡೆ ತೊಗರಿ ಹೂವು ಉದುರಿದ್ರ ‘ಮಂಜ ಬಿತ್ತು’ ಅಂತಾರ. ಬೆಂಗಳೂರಿನವರು ಮಂಜು ತಪ್ಪು ಅಂದ್ರ ಕಲಬುರ್ಗಿ ರೈತ ಒಪ್ಪೂದಿಲ್ಲ.

ಮೈಸೂರಿನಿಂದ

ಹೀಗೇ ಅಂದುಕೊಂಡು ಅಡುಗೆಮನೆಯಷ್ಟೂ ಬಿಟ್ಟುಕೊಟ್ಟಾಯಿತು. ಟೊಮೆಟೊ ಬಂದಾಗ ನಮ್ಮ ಹಳ್ಳಿಗರು ಯಾವ ಪಂಡಿತರನ್ನೂ ಕೇಳದೆ ಗೂದೆಹಣ್ಣು, ಚಪ್ಪರಬದನೆ ಅಂದರು. ಅಮೆರಿಕದ ಕಾಯಿ ಬಂದಾಗ ಮೆಣಸಿಗೆ ‘ಕಾಯಿ’ ಸೇರಿಸಿದರು, ಹಳೆಯ ಮೆಣಸು ಕರಿಮೆಣಸಾಯಿತು. ಪದ ಕಟ್ಟುವ ಕೈ ಅದು. ಈಗಿನವರಿಗೆ ಲಿಪ್ಯಂತರ ಮಾಡುವುದೇ ಅನುವಾದ.

ಧಾರವಾಡದಿಂದ

ಅವರು ಕಟ್ಟಿದ್ದು ಗೊತ್ತಿದ್ದ ಪದದಿಂದ. ಬದನಿ ಗೊತ್ತಿತ್ತು, ಚಪ್ಪರ ಗೊತ್ತಿತ್ತು. ‘ಪನಿ’ ಯಾರಿಗೆ ಗೊತ್ತದ? ಮತ್ತ ಈಗ ಸಂತ್ಯಾಗ ಚಪ್ಪರಬದನಿ ಕೇಳಿ ನೋಡ್ರಿ, ಏನು ಕೊಡ್ತಾರ.

ಬೆಂಗಳೂರಿನಿಂದ

ತೊಗರಿಯ ಮಂಜು ಬೇರೆ ವಿಷಯ, ಅದನ್ನಿಲ್ಲಿ ಎಳೆಯಬೇಡಿ. ಅಲ್ಲಿ ನೀರು ಗಡ್ಡೆಕಟ್ಟುವ ಮಾತೇ ಇಲ್ಲ.

ಎಲ್ಲರೂ ‘ಫ್ರಾಸ್ಟ್’ ಹಿಡಿದು ಜಗ್ಗುತ್ತಿದ್ದೀರಿ, ಅಪಾಯ ಇರುವುದು ‘ಆವರೇಜ್ ಲಾಸ್ಟ್’ನಲ್ಲಿ. ‘ಕೊನೆಯ’ ಅಂತ ಬರೆದರೆ ಆಮೇಲೆ ಬರುವುದೇ ಇಲ್ಲ ಅಂತಾಗುತ್ತದೆ. ಆ ದಿನಾಂಕ ಮೂವತ್ತು ವರ್ಷದ (ಈಗ 1991–2020) ದಾಖಲೆಯ ನಡುಬಿಂದು. ಎರಡು ವರ್ಷಕ್ಕೊಮ್ಮೆ ಅದರ ನಂತರವೂ ಚಳಿ ಹೊಡೆಯುತ್ತದೆ. ಅದೇ ಪಟ್ಟಿಯಲ್ಲಿ, ಆಮೇಲೆ ಚಳಿ ಹೊಡೆಯುವ ಸಾಧ್ಯತೆ ನೂರಕ್ಕೆ ಹತ್ತಕ್ಕೆ ಇಳಿಯುವ ದಿನವೂ ಇರುತ್ತದೆ, ನೆಡಲು ನೋಡಬೇಕಾದ್ದು ಅದನ್ನು. ಶಿಕಾಗೋ ಸುತ್ತ ಮೇ 15 ತನಕ ಕಾಯುವ ವಾಡಿಕೆ ಬಂದದ್ದು ಇದಕ್ಕೇ. ಮಿಶಿಗನ್ ಸರೋವರದ ದಂಡೆಯಲ್ಲಿ ನೀರಿನ ಕಾವು ರಾತ್ರಿ ಕಾಯುತ್ತದೆ, ಅಲ್ಲಿಯವರು ಮುಂಚೆ ನೆಟ್ಟರೂ ನಡೆದೀತು. ನೇಪರ್ವಿಲ್ ಒಳನಾಡು. ಹಾಗೆಯೇ ಯಾರಾದರೂ ‘ಹಾರ್ಡಿನೆಸ್ ಜೋನ್’ ನಂಬರು ಹಾಕಿ ಅಂದರೆ ಹಾಕಬೇಡಿ. ಅದು ಚಳಿಗಾಲದ ಅತಿ ಕನಿಷ್ಠದ ಲೆಕ್ಕ, ಮರಗಿಡ ಆರಿಸುವುದಕ್ಕೆ. ಟೊಮೆಟೊ ಯಾವಾಗ ನೆಡಬೇಕೆಂದು ಅದು ಹೇಳುವುದಿಲ್ಲ.

ಮೇ 15ರಿಂದ ಹಿಂದಕ್ಕೆ ಎಣಿಸಿ. ಮೆಣಸಿನಕಾಯಿ ಒಟ್ಲು (ಸಸಿಗಾಗಿ ಬೀಜ ಹಾಕುವುದು) ಮನೆಯೊಳಗೆ 8–10 ವಾರ ಮುಂಚೆ, ಅಂದರೆ ಮಾರ್ಚ್ ಮೊದಲೆರಡು ಮೂರು ವಾರದಲ್ಲಿ. ಟೊಮೆಟೊ 6–8 ವಾರ. ಬಟಾಣಿ, ಪಾಲಕ್, ಮೂಲಂಗಿಗೆ ಈ ಕಾಯುವಿಕೆ ಬೇಡ, ಮಣ್ಣು ಮುದ್ದೆಯಾಗದೆ ಪುಡಿಯಾದರೆ ಏಪ್ರಿಲ್ ಮೊದಲಲ್ಲೇ ಬಿತ್ತಬಹುದು, ಸಣ್ಣ ಹೆಪ್ಪನ್ನು ತಡೆಯುತ್ತವೆ. ಬೆಂಡೆಗೆ ಮಾತ್ರ ಮೇ 15 ಕೂಡ ಬೇಗವೇ. ಮಣ್ಣೇ 18 ಸೆಲ್ಸಿಯಸ್ ಆಗಬೇಕು, ಇಲ್ಲದಿದ್ದರೆ ಬೀಜ ಕೊಳೆಯುತ್ತದೆ. ಬದನೆಯನ್ನು ಇನ್ನೆರಡು ವಾರ ತಡೆಯಿರಿ. ಚಳಿಯಲ್ಲಿ ನೆಟ್ಟ ಬದನೆ ಸಾಯದೇ ಇರಬಹುದು, ಆದರೆ ಮುರುಟಿಕೊಂಡು ಕೂರುತ್ತದೆ. ತಡವಾಗಿ ನೆಟ್ಟದ್ದು ಅದನ್ನು ದಾಟಿ ಹೋಗುತ್ತದೆ.

ಅವರೆ ಬಿತ್ತುವವರಿದ್ದರೆ ಇನ್ನೊಂದು ಕಡೆಯ ಚಳಿಯನ್ನೂ ನೋಡಬೇಕು. ನಾಟಿ ಅವರೆ ಹಗಲು ಕಿರಿದಾದ ಮೇಲೇ ಹೂಬಿಡುವುದು. ಅಲ್ಲಿ ಸೆಪ್ಟೆಂಬರಿನಲ್ಲಿ ಹೂ, ಅಕ್ಟೋಬರಿನಲ್ಲಿ ಹೆಪ್ಪು, ಬಳ್ಳಿ ಕಪ್ಪು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, 4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ. ಮೇ ಕೊನೆಗೆ ಬಿತ್ತಿದರೆ ಬೇಸಿಗೆಯಲ್ಲೇ ಕಾಯಿ. ಸೊಗಡು ಕಮ್ಮಿ ಅನ್ನುವ ದೂರು ಇದ್ದೇ ಇರುತ್ತದೆ.

ನೇಪರ್ವಿಲ್‌ನಿಂದ

ಎಲ್ಲರಿಗೂ ಕೃತಜ್ಞತೆ. ಪನಿ ಬಿಟ್ಟೆ, ಹೆಪ್ಪು ಹಿಡಿದೆ. ಫ್ರಾಸ್ಟ್, ಫ್ರೀಜ್ ಎರಡಕ್ಕೂ ‘ಹೆಪ್ಪುಚಳಿ’. ವ್ಯತ್ಯಾಸವನ್ನು ನಾಮಪದದಲ್ಲಿ ತೋರಿಸುವ ಬದಲು ಏನು ಮಾಡಬೇಕು ಅನ್ನುವುದರಲ್ಲಿ ತೋರಿಸಿದ್ದೇನೆ. ಫ್ರಾಸ್ಟ್ ಅಡ್ವೈಸರಿ ಬಂದ ದಿನ ಗೇಟಿಗೆ ಹಳದಿ ಬಾವುಟ, ಫ್ರೀಜ್ ವಾರ್ನಿಂಗ್ ಬಂದ ದಿನ ಕೆಂಪು:

“ಮೇ 15ಕ್ಕೆ ಮುಂಚೆ ಟೊಮೆಟೊ, ಮೆಣಸಿನಕಾಯಿ, ಹೀರೆ, ಸೋರೆ ನೆಡಬೇಡಿ. ಬದನೆ, ಬೆಂಡೆ ಜೂನ್ ಹತ್ತಿರ. ಹಗಲು ಬಿಸಿಲಿದ್ದರೂ ರಾತ್ರಿ ಆಕಾಶ ತಿಳಿಯಾಗಿ ಗಾಳಿ ನಿಂತರೆ ಹೆಪ್ಪುಚಳಿಗೆ ಸಸಿ ಕಮರುತ್ತದೆ. ಕೆಲವು ವರ್ಷ ಮೇ 15ರ ನಂತರವೂ ಬರುತ್ತದೆ. ಹಳದಿ ಬಾವುಟ: ಸಂಜೆಯೇ ಮುಚ್ಚಿ. ಕೆಂಪು ಬಾವುಟ: ಕುಂಡಗಳನ್ನು ಒಳಗೆ ತನ್ನಿ, ಉಳಿದದ್ದಕ್ಕೆ ಎರಡು ಪದರ ಹೊದಿಸಿ.”

‘ಹಾರ್ಡನಿಂಗ್ ಆಫ್’ ಒಂದು ಉಳಿಯಿತು. ‘ಸಸಿ ಪಳಗಿಸುವುದು’ ಸರಿಯೇ?

ಊಟಿಯಿಂದ

ಮುಚ್ಚಿ ಅಂದರೆ ಸಾಲದು. ಬಟ್ಟೆ ನೆಲ ಮುಟ್ಟಬೇಕು, ಸುತ್ತ ಕಲ್ಲಿಡಬೇಕು. ಹಿಡಿದಿಡುವುದು ನೆಲದ ಕಾವನ್ನು, ಗಿಡದ್ದಲ್ಲ. ಗಿಡದ ಕಾಂಡಕ್ಕೆ ಕೊಡೆಯ ಹಾಗೆ ಸುತ್ತಿ ಕಟ್ಟಿದರೆ ಏನೂ ಉಪಯೋಗವಿಲ್ಲ. ಪ್ಲಾಸ್ಟಿಕ್ ಆದರೆ ಎಲೆಗೆ ತಾಗದಂತೆ ಕಡ್ಡಿ ನಿಲ್ಲಿಸಿ, ತಾಗಿದ ಎಲೆ ಅಷ್ಟೂ ಹೋಗುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ತೆಗೆಯಿರಿ. ಪಾತಿಗೆ ಹಗಲೇ ನೀರು ಕೊಟ್ಟಿರಬೇಕು, ಒಣಮಣ್ಣು ಕಾವು ಹಿಡಿಯುವುದಿಲ್ಲ. ಗಾಳಿಯೊಂದಿಗೆ ಬರುವ ಚಳಿಗೆ ಮಾತ್ರ ಈ ಯಾವ ಉಪಾಯವೂ ಅಷ್ಟಾಗಿ ನಡೆಯುವುದಿಲ್ಲ. ಕಪ್ಪಾದ ಎಲೆ ಕಂಡ ತಕ್ಷಣ ಕತ್ತರಿಸಲೂ ಬೇಡಿ, ಮುಂದಿನ ಚಳಿಗೆ ಅದೇ ಹೊದಿಕೆ.

ಧಾರವಾಡದಿಂದ

ಪಳಗಿಸೂದು ಹೋರಿಗೆ. ಸಸಿಗೆ ‘ಒಗ್ಗಿಸು’ ಅನ್ರಿ. ಮೊದಲ ದಿನ ನೆರಳಿನ್ಯಾಗ ಒಂದೆರಡು ತಾಸು, ದಿನಾ ಸ್ವಲ್ಪ ಹೆಚ್ಚಿಗಿ, ಆಮ್ಯಾಲೆ ಬಿಸಿಲು, 7–10 ದಿನಕ್ಕ ರಾತ್ರಿನೂ ಹೊರಗ. 10 ಸೆಲ್ಸಿಯಸ್ ಕೆಳಗ ಹೋಗೂ ರಾತ್ರಿ ಒಳಗ. ನೀರು ಕಮ್ಮಿ, ಗೊಬ್ಬರ ಬಂದ್. ಒಮ್ಮೆಲೆ ಬಿಸಿಲಿಗಿಟ್ರ ಎಲಿ ಬೆಳ್ಳಗಾಗ್ತಾವ. ಅದನ್ನ ನೋಡಿ ಹೆಪ್ಪುಚಳಿ ಬಡೀತು ಅಂತ ಬಾವುಟ ಏರಿಸಬ್ಯಾಡ್ರಿ.

ನೇಪರ್ವಿಲ್‌ನಿಂದ

‘ಹೊರಗಿನ ಗಾಳಿ ಬಿಸಿಲಿಗೆ ಒಗ್ಗಿಸಿ ನೆಡಿ’ ಅಂತ ಸೇರಿಸಿದೆ. ಅಚ್ಚಿಗೆ ಕಳಿಸುತ್ತಿದ್ದೇನೆ.

ಮೈಸೂರಿನಿಂದ

ಕಳಿಸುವ ಮುನ್ನ: ‘ಒಗ್ಗಿಸಿ’ ಅನ್ನುವುದಕ್ಕೆ ಮೊದಲು ‘ಒಂದು ವಾರ’ ಅಂತ ಸೇರಿಸಿ. ಇಲ್ಲದಿದ್ದರೆ ಅಂಗಡಿಯಿಂದ ತಂದವರು ಅರ್ಧ ಗಂಟೆ ಹೊರಗಿಟ್ಟು ನೆಟ್ಟಾರು. ಹೆಪ್ಪುವನಿಯ ವಿಷಯ ಬೇರೆ ತಲೆಬರಹದಲ್ಲಿ ಎತ್ತುತ್ತೇನೆ.