ಮನೆ ಮಾರಲು ಒಪ್ಪಿಸಿದ ಏಜೆಂಟರ ಮೇಲೆ ದಿನೇ ದಿನೇ ಸಿಟ್ಟು ಹೆಚ್ಚುತ್ತಿದೆ, ಏನು ಮಾಡಲಿ?

ಪ್ರಶ್ನೆ

ಹದಿನೆಂಟು ವರ್ಷ ವಾಸವಿದ್ದ ಮನೆಯನ್ನು ಮಾರಿಕೊಡಲು ಏಜೆಂಟರೊಬ್ಬರಿಗೆ ಒಪ್ಪಿಸಿ ಮೂರು ತಿಂಗಳಾಗುತ್ತ ಬಂತು. ತಮಗೊಬ್ಬರಿಗೇ ಕೊಟ್ಟರೆ ಮಾತ್ರ ಮನಸ್ಸಿಟ್ಟು ಕೆಲಸ ಮಾಡುವುದಾಗಿ ಅವರು ಹೇಳಿದ್ದರಿಂದ ಆರು ತಿಂಗಳ ಕರಾರಿಗೆ ಸಹಿ ಹಾಕಿದೆ. ಮೊದಲ ಎರಡು ವಾರ ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದವರು ಈಗ ನಾನಾಗಿ ಮಾಡಿದರೂ ಎತ್ತುವುದಿಲ್ಲ. ಎತ್ತಿದರೂ ‘ಪಾರ್ಟಿ ನೋಡಿಕೊಂಡು ಹೋಗಿದ್ದಾರೆ, ಮನೆಯಲ್ಲಿ ಮಾತಾಡಿ ಹೇಳ್ತಾರಂತೆ’ ಎಂಬ ಒಂದೇ ಮಾತು. ಜಾಹೀರಾತಿಗೆ ಹಾಕಿದ ಫೋಟೋಗಳನ್ನು ನೋಡಿದರೆ ನನಗೇ ನಾಚಿಕೆಯಾಗುತ್ತದೆ: ಒಂದರಲ್ಲಿ ಬಚ್ಚಲುಮನೆಯ ಕನ್ನಡಿಯೊಳಗೆ ಅವರೇ ಮೊಬೈಲ್ ಹಿಡಿದು ನಿಂತಿದ್ದಾರೆ, ಇನ್ನೊಂದರಲ್ಲಿ ನಡುಮನೆಯ ಕುರ್ಚಿಯ ಮೇಲೆ ನಮ್ಮ ಮಡಿಸದ ಬಟ್ಟೆಗಳ ರಾಶಿಯಿದೆ.

ಇದೆಲ್ಲವನ್ನೂ ಸಹಿಸಿಕೊಂಡಿದ್ದೆ. ಆದರೆ ಕಳೆದ ವಾರ ಒಂದು ಪಾರ್ಟಿಯನ್ನು ಕರೆತಂದಾಗ ನಾನು ಮಹಡಿಯ ಮೇಲಿದ್ದೆ, ಮೆಟ್ಟಿಲ ಬುಡದಲ್ಲಿ ನಿಂತು ಅವರು ‘ಓನರ್‌ಗೆ ಅರ್ಜೆಂಟಿದೆ, ಕಮ್ಮಿಗೇ ಕೇಳಿ, ಕೊಡ್ತಾರೆ’ ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಮರುದಿನ ಆ ಪಾರ್ಟಿಯಿಂದ ಬಹಳ ಕಡಿಮೆ ಬೆಲೆಯ ಮಾತು ಬಂತು, ಒಪ್ಪಿಕೊಳ್ಳಿ ಎಂದು ಏಜೆಂಟರು ಒತ್ತಾಯಿಸಿದರು. ಅಂದಿನಿಂದ ರಾತ್ರಿ ಎದ್ದು ಕುಳಿತು ಉದ್ದುದ್ದ ಸಂದೇಶಗಳನ್ನು ಬರೆದು ಅಳಿಸುತ್ತಿದ್ದೇನೆ. ಈ ಸಿಟ್ಟನ್ನು ಹೇಗೆ ನಿಭಾಯಿಸಬೇಕು? ಕರಾರಿನಿಂದ ಹೊರಬರಲು ದಾರಿಯುಂಟೇ, ಅಥವಾ ನನ್ನ ನಿರೀಕ್ಷೆಯೇ ಅತಿಯಾಯಿತೇ?

ಉತ್ತರ 1

ನಾನು ಈವರೆಗೆ ಎರಡು ಮನೆಗಳನ್ನು ಮಾರಿದ್ದೇನೆ. ಮೊದಲನೆಯ ಸಲ ನಿಮ್ಮ ಹಾಗೆಯೇ ರಾತ್ರಿ ಕುಳಿತು ಸಂದೇಶ ಬರೆದೆ, ಆದರೆ ಅಳಿಸದೆ ಕಳುಹಿಸಿಬಿಟ್ಟೆ. ಅದರಲ್ಲಿದ್ದ ಹನ್ನೊಂದು ದೂರುಗಳಲ್ಲಿ ತೀರಾ ಚಿಕ್ಕದಾದ ಒಂದನ್ನು ಹಿಡಿದುಕೊಂಡು ಏಜೆಂಟರು ಪುಟಗಟ್ಟಲೆ ಸಮಜಾಯಿಷಿ ಬರೆದರು, ಉಳಿದ ಹತ್ತರ ಬಗ್ಗೆ ತುಟಿ ಬಿಚ್ಚಲಿಲ್ಲ. ತಪ್ಪು ಅವರದಾಗಿದ್ದರೂ ಆ ಸಂದೇಶದ ಧಾಟಿಯಿಂದಾಗಿ ಕ್ಷಮೆ ಕೇಳಬೇಕಾದವನು ನಾನಾದೆ.

ಆದ್ದರಿಂದ ಬರೆಯುವ ಮೊದಲು ದೂರುಗಳನ್ನು ಬೇರೆ ಬೇರೆ ಮಾಡಿಕೊಳ್ಳಿ. ಫೋಟೋ ಮತ್ತು ಫೋನಿನ ವಿಷಯ ಬರಿಯ ಕೆಲಸದ ಲೋಪ, ಒಂದು ದಿನದಲ್ಲಿ ಸರಿಹೋಗುವಂಥದ್ದು. (ಬಟ್ಟೆಯ ರಾಶಿಯನ್ನು ಎತ್ತಿಡದೆ ಬಿಟ್ಟದ್ದರಲ್ಲಿ ನಿಮ್ಮ ಪಾಲೂ ಇದೆಯೆಂದು ಮೆಲ್ಲಗೆ ಹೇಳಬಹುದೇ?) ಮೆಟ್ಟಿಲ ಬುಡದ ಮಾತು ಆ ಜಾತಿಯದಲ್ಲ. ಮಾರುವವರ ಪರವಾಗಿ ಕೆಲಸ ಮಾಡಲು ಒಪ್ಪಿದವರು ಮಾರುವವರ ಅವಸರವನ್ನಾಗಲಿ, ಅವರು ಎಷ್ಟಕ್ಕೆ ಇಳಿಯಬಹುದೆಂಬುದನ್ನಾಗಲಿ ಅವರ ಅನುಮತಿಯಿಲ್ಲದೆ ಕೊಳ್ಳುವವರಿಗೆ ಹೇಳುವುದು ನಂಬಿಕೆಗೆ ಕೊಟ್ಟ ಪೆಟ್ಟು. ಅದನ್ನು ಸಂದೇಶದಲ್ಲಿ ಹೇಳಬೇಡಿ, ಎದುರು ಕುಳಿತು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿ, ಅವರು ಕೊಟ್ಟ ಉತ್ತರವನ್ನು ಅದೇ ದಿನ ಪತ್ರದಲ್ಲಿ ದಾಖಲಿಸಿ ಕಳುಹಿಸಿ.

ಅದಕ್ಕೂ ಮೊದಲು ಕರಾರನ್ನು ಪೂರ್ತಿಯಾಗಿ ಓದಿ. ಒಬ್ಬರಿಗೇ ಒಪ್ಪಿಸುವ ಕರಾರಿನಲ್ಲಿಯೂ ಎರಡು ಬಗೆಗಳಿರುತ್ತವೆ. ಒಂದರಲ್ಲಿ ನೀವೇ ಸ್ವತಃ ಕೊಳ್ಳುವವರನ್ನು ಹುಡುಕಿಕೊಂಡರೆ ಕಮಿಷನ್ ಕೊಡಬೇಕಾಗಿಲ್ಲ, ಇನ್ನೊಂದರಲ್ಲಿ ನಿಮ್ಮ ಸ್ವಂತ ತಮ್ಮನಿಗೇ ಮಾರಿದರೂ ಕೊಡಲೇಬೇಕು. ಮುಂಚಿತವಾಗಿ ರದ್ದು ಮಾಡಲು ಎಷ್ಟು ದಿನದ ನೋಟಿಸ್ ಬೇಕು, ಜಾಹೀರಾತಿನ ಖರ್ಚನ್ನು ಯಾರು ಭರಿಸಬೇಕು ಎಂಬುದನ್ನೂ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ಕರಾರು ಮುಗಿದ ಮೇಲೆಯೂ ಇಂತಿಷ್ಟು ದಿನಗಳೊಳಗೆ ಅವರು ತೋರಿಸಿದ ಪಾರ್ಟಿಯೇ ಮನೆ ಕೊಂಡರೆ ಕಮಿಷನ್ ಅವರಿಗೇ ಸಲ್ಲಬೇಕೆಂಬ ಷರತ್ತು ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದನ್ನು ಗಮನಿಸದೆ ಬೇರೊಬ್ಬ ಏಜೆಂಟರನ್ನು ಹಿಡಿದವರು ಒಂದೇ ಮಾರಾಟಕ್ಕೆ ಇಬ್ಬರಿಗೂ ಕಮಿಷನ್ ತೆರಬೇಕಾದೀತು. ಬಿಡುವುದೇ ಆದರೆ, ಇದುವರೆಗೆ ಮನೆ ತೋರಿಸಿದವರ ಹೆಸರುಗಳ ಪಟ್ಟಿಯನ್ನು ಅವರಿಂದಲೇ ಬರೆಸಿಕೊಂಡು ಬಿಡಿ.

ಉತ್ತರ 2

ನಾನು ಬಹಳ ವರ್ಷ ಇದೇ ವೃತ್ತಿಯಲ್ಲಿದ್ದು ಈಗ ಬಿಟ್ಟಿದ್ದೇನೆ. ಮೆಟ್ಟಿಲ ಬುಡದಲ್ಲಿ ಅವರಾಡಿದ ಮಾತಿಗೆ ನನ್ನಲ್ಲಿಯೂ ಸಮರ್ಥನೆಯಿಲ್ಲ. ಆದರೆ ಅವರು ಹಾಗೇಕೆ ಮಾಡುತ್ತಾರೆಂಬುದು ತಿಳಿದರೆ ನಿಮ್ಮ ಸಿಟ್ಟಿಗೆ ಒಂದು ಆಕಾರ ಬರುತ್ತದೆ.

ಲೆಕ್ಕವನ್ನು ಹೀಗೆ ಹಾಕಿ ನೋಡಿ. ನೀವು ಕೇಳುವ ಬೆಲೆ ನೂರು, ಬಂದಿರುವ ಮಾತು ತೊಂಬತ್ತೈದು, ಕಮಿಷನ್ ನೂರಕ್ಕೆ ಎರಡು ಎಂದಿಟ್ಟುಕೊಳ್ಳೋಣ. ಒಪ್ಪಿಕೊಂಡರೆ ನಿಮಗೆ ಆಗುವ ನಷ್ಟ ಸುಮಾರು ಐದು. ಏಜೆಂಟರಿಗೆ ಎರಡರ ಬದಲು 1.9 ಸಿಗುತ್ತದೆ. ಆ 0.1ಕ್ಕಾಗಿ ಇನ್ನೂ ಎರಡು ತಿಂಗಳು ಓಡಾಡುವುದಕ್ಕಿಂತ ಇಂದೇ ಮುಗಿಸಿ ಮುಂದಿನ ಮನೆಗೆ ಹೋಗುವುದು ಅವರಿಗೆ ಲಾಭ. ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಮೆರಿಕದ ಶಿಕಾಗೋ ಭಾಗದ ಏಜೆಂಟರು ತಮ್ಮ ಸ್ವಂತ ಮನೆಗಳನ್ನು ಗಿರಾಕಿಗಳ ಅಂಥದೇ ಮನೆಗಳಿಗಿಂತ ಸರಾಸರಿ ಒಂಬತ್ತೂವರೆ ದಿನ ಹೆಚ್ಚು ಕಾದು, ಶೇಕಡಾ 3.7ರಷ್ಟು ಹೆಚ್ಚು ಬೆಲೆಗೆ ಮಾರಿಕೊಂಡದ್ದು ಕಂಡುಬಂತು. ತನ್ನ ಮನೆಯಾದಾಗ ಕಾಯಲು ತಾಳ್ಮೆ ತಾನಾಗಿ ಬರುತ್ತದೆ, ನೋಡಿ. ಹೀಗಾಗಿ ‘ಒಪ್ಪಿಕೊಳ್ಳಿ’ ಎಂಬ ಸಲಹೆಯನ್ನು ಮೋಸವೆಂದು ಎಣಿಸಬೇಕಾಗಿಲ್ಲ, ವೇದವಾಕ್ಯವೆಂದೂ ನಂಬಬೇಕಾಗಿಲ್ಲ. ಸುತ್ತಮುತ್ತ ಇತ್ತೀಚೆಗೆ ನಿಜಕ್ಕೂ ಮಾರಾಟವಾದ, ಅಂದರೆ ಕೇಳಿದ ಬೆಲೆಯಲ್ಲ, ಕೈಬದಲಾದ ಬೆಲೆಯ ನಾಲ್ಕೈದು ಉದಾಹರಣೆಗಳನ್ನು ತೋರಿಸಿ ಎಂದು ಕೇಳಿ. ತೋರಿಸಿದರೆ ಸಲಹೆಗೆ ತೂಕವಿದೆ.

ಇನ್ನು ಫೋನ್ ಎತ್ತದಿರುವುದು. ಹೇಳಲು ಒಳ್ಳೆಯ ಸುದ್ದಿಯಿಲ್ಲದಾಗ ನಾನೂ ಎತ್ತುತ್ತಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ನೀವು ‘ಏನಾಯಿತು?’ ಎಂದು ಕೇಳಿದರೆ ‘ಹೇಳ್ತಾರಂತೆ’ ಎಂಬ ಉತ್ತರವೇ ಬರುತ್ತದೆ. ಅದರ ಬದಲು, ಬಂದವರು ಎಷ್ಟು ಹೊತ್ತು ಇದ್ದರು, ಯಾವ ಕೋಣೆಗೆ ಎರಡನೆಯ ಸಲ ಹೋದರು, ಏನು ಕೇಳಿದರು ಎಂದು ವಿಚಾರಿಸಿ. ಕೊಳ್ಳುವ ಮನಸ್ಸಿದ್ದವರು ನಲ್ಲಿ ತಿರುಗಿಸಿ ನೀರಿನ ರಭಸ ನೋಡುತ್ತಾರೆ, ತಮ್ಮ ಬೀರು ಹಿಡಿಸುತ್ತದೆಯೇ ಎಂದು ಗೋಡೆಯನ್ನು ಗೇಣು ಹಾಕಿ ಅಳೆಯುತ್ತಾರೆ, ಪಕ್ಕದ ಮನೆಯವರು ಹೇಗೆ ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಮನಸ್ಸಿಲ್ಲದವರು ಬಾಗಿಲಲ್ಲೇ ನಿಂತು ‘ತುಂಬಾ ಚೆನ್ನಾಗಿದೆ’ ಎನ್ನುತ್ತಾರೆ. ವಾರಕ್ಕೊಮ್ಮೆ ಈ ವಿವರಗಳನ್ನು ಬರೆದು ಕಳುಹಿಸಬೇಕೆಂದು ದಿನವನ್ನು ಗೊತ್ತುಮಾಡಿದರೆ, ನೀವು ಫೋನ್ ಹಿಡಿದು ಕಾಯುವುದು ತಪ್ಪುತ್ತದೆ. ನೋಡಲು ಯಾರೂ ಬರುತ್ತಿಲ್ಲವೆಂದರೆ ಜಾಹೀರಾತಿನಲ್ಲೋ ಬೆಲೆಯಲ್ಲೋ ತೊಡಕಿದೆ. ಬಹಳ ಜನ ಬಂದು ನೋಡಿಯೂ ಒಬ್ಬರೂ ಬೆಲೆಯ ಮಾತೆತ್ತುವುದಿಲ್ಲವೆಂದರೆ, ಫೋಟೋದಲ್ಲಿ ಕಾಣದ ಯಾವುದೋ ಕೊರತೆ ಎದುರಿಗೆ ಕಾಣುತ್ತಿದೆ.

ಉತ್ತರ 3

ಇಷ್ಟೆಲ್ಲ ವಿಶ್ಲೇಷಣೆ ಏಕೆಂದು ನನಗೆ ತಿಳಿಯುವುದಿಲ್ಲ. ನಿಮ್ಮ ಗುಟ್ಟನ್ನು ಎದುರು ಪಕ್ಷಕ್ಕೆ ಹೇಳಿದವರ ಜೊತೆ ಇನ್ನೊಂದು ದಿನವೂ ಇರಬಾರದು. ನೋಟಿಸ್ ಕೊಟ್ಟು ಬಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಕರಾರನ್ನು ಓದಿದೆ, ಸಹಿ ಹಾಕುವಾಗ ಓದಿರಲಿಲ್ಲವೆಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹದಿನೈದು ದಿನದ ನೋಟಿಸ್ ಕೊಟ್ಟು ರದ್ದುಪಡಿಸಬಹುದು, ಆದರೆ ಅವರು ತೋರಿಸಿದ ಪಾರ್ಟಿಗಳ ಮೇಲಿನ ಹಕ್ಕು ಆಮೇಲೆ ತೊಂಬತ್ತು ದಿನ ಉಳಿಯುತ್ತದೆ. ನಿನ್ನೆ ಅವರನ್ನು ಕಚೇರಿಯಲ್ಲಿಯೇ ಕಂಡು ಮಾತನಾಡಿದೆ. ಮೆಟ್ಟಿಲ ಬುಡದ ಮಾತನ್ನು ಎತ್ತಿದಾಗ ಮೊದಲು ‘ಅದು ವ್ಯಾಪಾರದ ಮಾತು, ಹಾಗೆ ಹೇಳಿದರೇನೇ ಪಾರ್ಟಿ ಕೂತ್ಕೊಳ್ಳೋದು’ ಎಂದರು. ನಾನು ದನಿ ಏರಿಸದೆ, ‘ನನ್ನ ಅವಸರದ ವಿಷಯ ಹೇಳಬಹುದೆಂದು ನಾನು ನಿಮಗೆ ಯಾವಾಗ ಹೇಳಿದ್ದೆ?’ ಎಂದಷ್ಟೇ ಕೇಳಿ ಸುಮ್ಮನಾದೆ. ಸ್ವಲ್ಪ ಹೊತ್ತು ಮೇಜಿನ ಮೇಲಿನ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡಿದ ಮೇಲೆ ತಪ್ಪಾಯಿತೆಂದರು. ಫೋಟೋಗಳನ್ನು ಹೊಸದಾಗಿ ತೆಗೆಸಲು, ಪ್ರತಿ ಶನಿವಾರ ವರದಿ ಕಳುಹಿಸಲು ಒಪ್ಪಿದ್ದಾರೆ, ನಾಲ್ಕು ವಾರ ನೋಡಿ ತೀರ್ಮಾನಿಸುತ್ತೇನೆ. ಇದೆಲ್ಲವನ್ನೂ ರಾತ್ರಿಯೇ ಪತ್ರದಲ್ಲಿ ಬರೆದು ಕಳುಹಿಸಿದೆ.

ಒಂದು ವಿಷಯ ಮಾತ್ರ ಇನ್ನೂ ಚುಚ್ಚುತ್ತಿದೆ. ಅವರು ತೋರಿಸಿದ ಇತ್ತೀಚಿನ ಮಾರಾಟಗಳ ಪ್ರಕಾರ ನನ್ನ ಬೆಲೆ ನಿಜಕ್ಕೂ ತುಸು ಮೇಲಿದೆ. ಆದರೆ ಅದಕ್ಕಿಂತ ಇಳಿದರೆ, ಕೊಂಡ ಬೆಲೆ ಮತ್ತು ರಿಪೇರಿಗೆ ಸುರಿದದ್ದು ಸೇರಿ ನನಗೆ ನಷ್ಟವೇ ಆಗುತ್ತದೆ.

ಉತ್ತರ 4

ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ಕೊಳ್ಳುವವರಿಗೆ ಗೊತ್ತಿಲ್ಲ, ಗೊತ್ತಾದರೂ ಅದು ಅವರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಈ ಚುಚ್ಚುವಿಕೆ ನಿಮಗೊಬ್ಬರಿಗೇ ಬಂದದ್ದೂ ಅಲ್ಲ. 1990ರ ದಶಕದ ಬಾಸ್ಟನ್ನಿನ ಅಪಾರ್ಟ್‌ಮೆಂಟ್ ಮಾರಾಟಗಳನ್ನು ಪರಿಶೀಲಿಸಿ ಡೇವಿಡ್ ಜೆನಿಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೊಂಡ ಬೆಲೆಗಿಂತ ಮಾರುಕಟ್ಟೆಯ ಬೆಲೆ ಕೆಳಗಿಳಿದಿದ್ದ ಮಾಲೀಕರು ಆ ವ್ಯತ್ಯಾಸದ ಶೇಕಡಾ 25ರಿಂದ 35ರಷ್ಟನ್ನು ತಾವು ಕೇಳುವ ಬೆಲೆಯ ಮೇಲೆ ಹೇರಿದ್ದರು. ಅವರಿಗೆ ಕೊನೆಗೆ ಹೆಚ್ಚಾಗಿ ದಕ್ಕಿದ್ದು ಅದೇ ವ್ಯತ್ಯಾಸದ ಶೇಕಡಾ 3ರಿಂದ 18ರವರೆಗೆ ಮಾತ್ರ, ಮನೆಗಳು ಮಾರಾಟವಾಗಲೂ ಹೆಚ್ಚು ಸಮಯ ಹಿಡಿಯಿತು. ಅಂದರೆ ಕಾದದ್ದಕ್ಕೆ ಏನೂ ಸಿಗಲಿಲ್ಲವೆಂದಲ್ಲ, ಬಯಸಿದಷ್ಟು ಸಿಗಲಿಲ್ಲ. ಏಜೆಂಟರ ಮೇಲಿನ ನಿಮ್ಮ ಸಿಟ್ಟಿನಲ್ಲಿ ಈ ನಷ್ಟದ ಸಂಕಟವೂ ಸ್ವಲ್ಪ ಬೆರೆತಿರಬಹುದು ಎಂದು ನನ್ನ ಅನುಮಾನ, ತಪ್ಪು ತಿಳಿಯಬೇಡಿ.

ಇನ್ನೊಂದು ಮಾತು. ಈ ನಾಲ್ಕು ವಾರಗಳಲ್ಲಿ ಪಾರ್ಟಿ ಬರುವಾಗ ನೀವು ಮನೆಯಲ್ಲಿ ಇರದಿದ್ದರೆ ಒಳ್ಳೆಯದು. ಮಾಲೀಕರು ಹಿಂದೆ ಹಿಂದೆ ಸುತ್ತುತ್ತಿದ್ದರೆ ಬಂದವರು ಕಪಾಟು ತೆರೆಯಲೂ ಹಿಂಜರಿಯುತ್ತಾರೆ. ಆದರೆ ಹೋಗುವ ಮೊದಲು, ನಿಮ್ಮ ಮನೆಯ ಬೀಗದ ಕೈಯ ಎಷ್ಟು ನಕಲುಗಳು ಅವರ ಕಚೇರಿಯಲ್ಲಿವೆ, ಯಾರ ಯಾರ ಕೈಯಲ್ಲಿವೆ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು

ಕೇಳಿದೆ. ನಾನು ಕೊಟ್ಟದ್ದು ಒಂದು, ಅವರ ಬಳಿ ಇರುವುದು ಮೂರು. ಶನಿವಾರದ ವರದಿಯಲ್ಲಿ ಅದನ್ನೂ ಸೇರಿಸಲು ಹೇಳಿದ್ದೇನೆ.