ಕಪ್ಪು ಕಾರು: ತೊಳೆದಷ್ಟೂ ಮಂಕು, ಬಾನೆಟ್ ತುಂಬ ಬಿಳಿ ಉಂಗುರ, ಬಿಸಿಲಲ್ಲಿ ಜೇಡರ ಬಲೆ

ಕರಿಬಂಡಿ:
3 ವರ್ಷದ ಸೆಡಾನ್, ಮೆಟಾಲಿಕ್ ಅಲ್ಲದ ಸಾದಾ ಕಪ್ಪು. ಬೆಂಗಳೂರು, ಅಪಾರ್ಟ್‌ಮೆಂಟಿನ ತೆರೆದ ಪಾರ್ಕಿಂಗ್, ಅರ್ಧ ಹೊತ್ತು ಹೊಂಗೆ ಮರದ ನೆರಳು. ಬೋರ್ ನೀರು, ಟಿಡಿಎಸ್ (ನೀರಲ್ಲಿ ಕರಗಿದ ಲವಣ-ಖನಿಜ) ಮೀಟರ್ ಲೀಟರಿಗೆ 940 ಮಿಲಿಗ್ರಾಂ ತೋರಿಸುತ್ತೆ. ದಿನಾ ಬೆಳಿಗ್ಗೆ ಒರೆಸೋಕೆ ಜನ ಇದ್ದಾರೆ. ಭಾನುವಾರ 10 ಗಂಟೆ ಸುಮಾರಿಗೆ ಪೈಪ್ ಹಿಡಿದು ಶಾಂಪೂ ವಾಶ್.

ಸಮಸ್ಯೆ ಎರಡು. ಬಾನೆಟ್, ಟಾಪ್, ಗಾಜಿನ ಮೇಲೆ ಕಡಲೆಕಾಳಿನಷ್ಟು ಬಿಳಿ ಉಂಗುರಗಳು, ಶಾಂಪೂಗೆ ಜಗ್ಗಲ್ಲ. ಬಿಸಿಲಿಗೆ ನಿಲ್ಲಿಸಿದರೆ ಮೈಯೆಲ್ಲಾ ಜೇಡರ ಬಲೆ ಥರ ಸುತ್ತು ಗೀರು. ಲಿಕ್ವಿಡ್ ವ್ಯಾಕ್ಸ್ 2 ಸಲ ಹಾಕಿ ಆಯ್ತು, ನಾಲ್ಕು ದಿನ ಹೊಳಪು, ಆಮೇಲೆ ಯಥಾಪ್ರಕಾರ. ಪಾತ್ರೆ ತೊಳೆಯೋ ಲಿಕ್ವಿಡ್ ಕೂಡ ನೋಡಾಯ್ತು. ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಎರಡೂ ಹೋಗುತ್ತೆ ಅಂತಾರೆ. ಮಾಡಿಸಲಾ?

ಎರಡುಬಕೆಟ್:
ಈಗ ಬೇಡ. ಕೋಟಿಂಗ್ ಅನ್ನೋದು ಪಾರದರ್ಶಕ ಪದರ. ಕೆಳಗೆ ಕಲೆ, ಗೀರು ಇಟ್ಟುಕೊಂಡು ಹಾಕಿಸಿದರೆ ಅವನ್ನೇ ಫ್ರೇಮ್ ಹಾಕಿಸಿ ಇಟ್ಟ ಹಾಗೆ. ಅದೂ ಅಲ್ಲದೆ ಕೋಟಿಂಗ್ ಮೇಲೆ ನೀರು ಮುತ್ತಾಗಿ ನಿಲ್ಲುತ್ತೆ. 940ರ ನೀರು ಮುತ್ತಾಗಿ ನಿಂತು ಬಿಸಿಲಿಗೆ ಒಣಗಿದರೆ ಉಂಗುರ ಇನ್ನೂ ಸ್ಪಷ್ಟವಾಗಿ ಮೂಡುತ್ತೆ.

ನಿಮ್ಮದು ಎರಡು ಬೇರೆ ಬೇರೆ ರೋಗ. ಉಂಗುರ ಅಂದರೆ ನೀರಿನ ಸುಣ್ಣ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಇಟ್ಟಿರುವ ಅಪೇಕ್ಷಿತ ಮಿತಿಯೇ ಲೀಟರಿಗೆ 500 ಮಿಲಿಗ್ರಾಂ, ನಿಮ್ಮದು ಹತ್ತಿರ ಹತ್ತಿರ ಎರಡರಷ್ಟು. ತೊಳೆದ ಮೇಲೆ ಮೈಮೇಲೆ ಅರ್ಧ ಲೀಟರ್ ನೀರು ಉಳಿದು ಆರಿದರೂ ಸುಮಾರು ಅರ್ಧ ಗ್ರಾಂ ಉಪ್ಪು-ಸುಣ್ಣ ಪೇಂಟ್ ಮೇಲೆ ಕೂತಿತು. ಅದು ಪ್ರತಿ ವಾರ, ಅದೂ 10 ಗಂಟೆ ಬಿಸಿಲಲ್ಲಿ ಕಾದ ಕಪ್ಪು ತಗಡಿನ ಮೇಲೆ. ಸುತ್ತು ಗೀರು ಮಾತ್ರ ದಿನಾ ಒರೆಸೋದರ ಫಲ.

ಏನಾದರೂ ಕೊಳ್ಳೋ ಮುಂಚೆ ಮೂರು ಪರೀಕ್ಷೆ ಮಾಡಿ. ಬಿಳಿ ವಿನೆಗರ್‌ಗೆ (ಅಡುಗೆಯದ್ದೇ, ಬಣ್ಣ ಇಲ್ಲದ್ದು) ಅಷ್ಟೇ ಆರ್‌ಒ ನೀರು ಬೆರೆಸಿ. ಸಂಜೆ, ತಗಡು ಕೈಗೆ ತಣ್ಣಗಿರುವಾಗ, ಅದರಲ್ಲಿ ಒದ್ದೆ ಮಾಡಿದ ಮೈಕ್ರೋಫೈಬರ್ ತುಂಡನ್ನು ಒಂದೇ ಒಂದು ಉಂಗುರದ ಮೇಲೆ 45 ಸೆಕೆಂಡ್ ಇಟ್ಟು ತೆಗೆಯಿರಿ. ಪೂರ್ತಿ ಹೋದರೆ ಮೇಲ್ಮೈ ಸುಣ್ಣ. ಬಿಳುಪು ಹೋಗಿ ಉಂಗುರದ ಅಚ್ಚು ಉಳಿದರೆ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಕೊರೆದಿದೆ, ಅದಕ್ಕೆ ಪಾಲಿಶ್ ಬೇಕು. ಎರಡನೇದು: ತೊಳೆದ ಬಾನೆಟ್ ಮೇಲೆ ತೆಳು ಪ್ಲಾಸ್ಟಿಕ್ ಕವರ್ ಒಳಗೆ ಬೆರಳಿಟ್ಟು ಸವರಿ. ಸಣ್ಣ ರವೆ ತಾಕಿದಂತೆ ಅನಿಸಿದರೆ ಕ್ಲೇ (ಪೇಂಟಿಗೆ ಅಂಟಿದ ಕಣ ಎಳೆದು ತೆಗೆಯುವ ಜೇಡಿಮಣ್ಣಿನಂಥ ಮುದ್ದೆ) ಬೇಕು. ಮೂರನೇದು, ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ಗೀರು ನೋಡಿ. ಬೆಳಕಿನ ಸುತ್ತ ವೃತ್ತ ಕಾಣುತ್ತೆ ಅಂತ ಯಾರೋ ವೃತ್ತವಾಗಿ ಉಜ್ಜಿದ್ದಾರೆ ಅಂದುಕೊಳ್ಳಬೇಡಿ. ಗೀರು ಎಲ್ಲಾ ದಿಕ್ಕಿಗೂ ಇರುತ್ತೆ, ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿನುಗೋದರಿಂದ ಹಾಗೆ ಕಾಣೋದು. ಟಾರ್ಚ್ ಸರಿಸಿದರೆ ವೃತ್ತವೂ ಸರಿಯುತ್ತೆ. ಉಗುರಿಗೆ ಸಿಕ್ಕುವ ಗೀರು ಇದೆಯಾ ಅಂತಲೂ ನೋಡಿ, ಅದು ಮನೆಯಲ್ಲಿ ಹೋಗೋದಲ್ಲ.

ಸರ್ವಿಸ್_ರಸ್ತೆ:
ಇಷ್ಟೆಲ್ಲಾ ಯಾಕೆ? ಟೈಲ್ಸ್ ತೊಳೆಯೋ ಆಸಿಡ್‌ಗೆ ನೀರು ಸೇರಿಸಿ ಒಂದು ಸಲ ಒರೆಸಿ, ಆಮೇಲೆ ಅಂಗಡಿಯಲ್ಲಿ ರಬ್ಬಿಂಗ್ (ಮೆಷಿನ್ನಿನಲ್ಲಿ ಪೇಂಟ್ ಉಜ್ಜಿಸೋದು). ಒಂದು ಗಂಟೆ ಕೆಲಸ.

ಮೈಕ್ರಾನ್:
ದಯವಿಟ್ಟು ಮಾಡಬೇಡಿ. ಟೈಲ್ಸ್, ಟಾಯ್ಲೆಟ್ ಕ್ಲೀನರುಗಳಲ್ಲಿ ಹೆಚ್ಚಿನವು ಹೈಡ್ರೋಕ್ಲೋರಿಕ್ ಆಮ್ಲದವು. ಸುಣ್ಣ ತೆಗೆಯೋದು ನಿಜ, ಜೊತೆಗೆ ಕ್ರೋಮ್ ಪಟ್ಟಿ, ಅಲಾಯ್ ಚಕ್ರ, ಬಾಗಿಲ ಸಂದಿನ ಬರಿ ಲೋಹವನ್ನೂ ತಿನ್ನುತ್ತೆ. ಸಂದಿಗೆ ಇಳಿದಿದ್ದನ್ನು ಪೂರ್ತಿ ತೊಳೆದು ತೆಗೆಯೋದೂ ಕಷ್ಟ.

ರಬ್ಬಿಂಗ್ ಬಗ್ಗೆ: ಕಾರ್ಖಾನೆಯ ಪೇಂಟ್ ಎಲ್ಲಾ ಪದರ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅದರಲ್ಲಿ ಕ್ಲಿಯರ್ ಕೋಟ್ 40-50, ಅಂದರೆ ಒಂದು ತಲೆಕೂದಲಿಗಿಂತ ತೆಳು. ನುಣುಪು ಪಾಲಿಶ್ ಒಂದು ಸುತ್ತಿಗೆ ತೆಗೆಯೋದು ಹೆಚ್ಚುಕಮ್ಮಿ 1 ಮೈಕ್ರಾನ್. ಒರಟು ಕಾಂಪೌಂಡ್ (ಉಜ್ಜುವ ಪೇಸ್ಟ್), ಉಣ್ಣೆ ಪ್ಯಾಡ್, ಓಲಾಡದೆ ಬರೀ ಸುತ್ತುವ ರೋಟರಿ ಮೆಷಿನ್ ಮೂರೂ ಸೇರಿದರೆ ಅದರ ಹಲವು ಪಟ್ಟು. ಬಿಸಿಲಿನಿಂದ ಕಾಯೋ ಯುವಿ ತಡೆ ಇರೋದೂ ಈ ಕ್ಲಿಯರ್ ಕೋಟಿನಲ್ಲೇ. ವರ್ಷಕ್ಕೊಂದು ರಬ್ಬಿಂಗ್ ಮಾಡಿಸಿದ ಗಾಡಿಗಳ ಟಾಪ್ ಬಿಳಿ ಸಿಪ್ಪೆ ಏಳೋದು ಸುಮ್ಮನೆ ಅಲ್ಲ.

ಕರಿಬಂಡಿ:
ಪರೀಕ್ಷೆ ಮಾಡಿದೆ. ಬಾನೆಟ್ ಉಂಗುರ ಪೂರ್ತಿ ಹೋಯ್ತು. ಟಾಪ್ ಮೇಲೆ ಬಿಳುಪು ಹೋದರೂ ಅಚ್ಚು ಉಳಿದಿದೆ. ಗಾಜಿನ ಮೇಲೆ ಏನೂ ಬದಲಾವಣೆ ಇಲ್ಲ. ಕವರ್ ಪರೀಕ್ಷೆಯಲ್ಲಿ ಎಲ್ಲ ಕಡೆ ರವೆ ರವೆ. ಉಗುರಿಗೆ ಸಿಕ್ಕೋ ಗೀರು ಡಿಕ್ಕಿ ಹತ್ತಿರ ಒಂದೇ.

ಎರಡುಬಕೆಟ್:
ಒಳ್ಳೇ ಸುದ್ದಿ, ಹೆಚ್ಚಿನದು ಮನೆಯಲ್ಲೇ ಆಗುತ್ತೆ. ಆದರೆ ಕ್ರಮ ತಪ್ಪಿಸಬೇಡಿ: ವಾಶ್, ವಿನೆಗರ್, ಕ್ಲೇ, ಪಾಲಿಶ್, ಕೊನೆಗೆ ವ್ಯಾಕ್ಸ್. ಸುಣ್ಣ ಇರುವಾಗಲೇ ಪಾಲಿಶ್ ಮಾಡಿದರೆ ಪ್ಯಾಡ್ ಸುಣ್ಣದ ಪುಡಿಯನ್ನೇ ಉಜ್ಜಿ ಹೊಸ ಗೀರು ಬರೆಯುತ್ತೆ.

ವಾಶ್: ಸಂಜೆ 5ರ ಮೇಲೆ ಅಥವಾ ಬೆಳಿಗ್ಗೆ 7ರ ಒಳಗೆ. ಮೊದಲು ಚಕ್ರ, ಅದಕ್ಕೆ ಬೇರೆ ಬಕೆಟ್, ಬೇರೆ ಬ್ರಷ್. ಆಮೇಲೆ ಮೈಗೆ ಬರೀ ನೀರು ಹಾಯಿಸಿ ಧೂಳು ಇಳಿಸಿ. ಕೈ ಇನ್ನೂ ತಾಗಬಾರದು. ಪ್ರೆಶರ್ ವಾಶರ್ ಇದ್ದರೆ ಅಗಲ ನಾಜಲ್, ಒಂದಡಿ ದೂರ. ನಂತರ 15 ಲೀಟರಿನ ಎರಡು ಬಕೆಟ್, ಒಂದರಲ್ಲಿ ಕಾರ್ ಶಾಂಪೂ (ಬಾಟಲಿ ಮೇಲಿರುವ ಅಳತೆಯಷ್ಟೇ, ಹೆಚ್ಚು ಹಾಕಿದರೆ ತೊಳೆದರೂ ಹೋಗದ ಜಿಡ್ಡು), ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಗವಸಿನಲ್ಲಿ ಒಂದು ತಗಡು ತೊಳೆದ ಕೂಡಲೇ ಬರೀ ನೀರಿನಲ್ಲಿ ಜಾಲಿಸಿ ಹಿಂಡಿ, ಆಮೇಲೆ ಶಾಂಪೂಗೆ. ಮೇಲಿಂದ ಕೆಳಕ್ಕೆ, ನೇರ ಗೆರೆಯಲ್ಲಿ. ಬಾಗಿಲಿನ ಕೆಳಭಾಗ ಮತ್ತು ಬಂಪರ್ ಕಟ್ಟಕಡೆಗೆ, ಕೆಮ್ಮಣ್ಣು ಕೂತಿರೋದು ಅಲ್ಲೇ. ಗವಸು ನೆಲಕ್ಕೆ ಬಿದ್ದರೆ ಅವತ್ತಿಗೆ ಅದರ ಕೆಲಸ ಮುಗಿಯಿತು.

ಬಟ್ಟೆ ಒಗೆಯೋ ಪುಡಿ ಬೇಡ. ಅದರಲ್ಲಿರುವ ಸೋಡಾ ನಿಮ್ಮ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣವನ್ನೇ ಕೆಳಗಿಳಿಸುತ್ತೆ. ಪಾತ್ರೆ ಲಿಕ್ವಿಡ್ ಹಳೇ ವ್ಯಾಕ್ಸ್ ಕೀಳುತ್ತೆ. ಈ ಒಂದು ಸಲಕ್ಕೆ ಪರವಾಗಿಲ್ಲ, ಪ್ರತಿ ವಾರ ಅಲ್ಲ.

ವಿನೆಗರ್: ಅದೇ 1:1. ಒಂದು ಸಲಕ್ಕೆ ಕಾಲು ಬಾನೆಟ್. ಒದ್ದೆ ಬಟ್ಟೆ ಹಾಸಿ 1 ನಿಮಿಷ, ಒಣಗಲು ಬಿಡದೆ ನೀರು. ಎರಡು ಸಲಕ್ಕೆ ಹೋಗದ್ದು ಮೂರನೇ ಸಲಕ್ಕೂ ಹೋಗಲ್ಲ. ಮುಗಿದ ಮೇಲೆ ಮತ್ತೊಮ್ಮೆ ಶಾಂಪೂ ನೀರು, ಆಮ್ಲ ಉಳಿಯಬಾರದು.

ಕ್ಲೇ: ನುಣುಪು ದರ್ಜೆಯದು, 50 ಗ್ರಾಂ ಸಾಕು. ಅಂಗೈಯಲ್ಲಿ ಬಿಸ್ಕತ್ತಿನಂತೆ ತಟ್ಟಿ, ತಗಡಿಗೆ ಶಾಂಪೂ ನೀರು ಧಾರಾಳವಾಗಿ ಸಿಂಪಡಿಸಿ, ಎರಡು ಗೇಣಿನ ಚೌಕದಲ್ಲಿ ಬೆರಳ ಭಾರ ಮಾತ್ರ ಕೊಟ್ಟು ಹಿಂದೆ ಮುಂದೆ ಸರಿಸಿ. ಮೊದಲು ಕರಕರ ಸದ್ದು ಬರುತ್ತೆ, ಸದ್ದು ನಿಂತರೆ ಅಲ್ಲಿ ಮುಗಿಯಿತು. ಅಂಟಿಕೊಂಡರೆ ನೀರು ಕಮ್ಮಿ. ಚೌಕಕ್ಕೊಮ್ಮೆ ಮಡಚಿ ಹೊಸ ಮುಖ ತೆಗೆಯಿರಿ. ಕೆಳಗೆ ಬಿದ್ದರೆ ಬಿಸಾಡಿ, ತೊಳೆದು ಬಳಸೋ ಉಳಿತಾಯ ಬೇಡ, ಒಳಹೊಕ್ಕ ಮರಳು ಹೊರಬರಲ್ಲ. ಕ್ಲೇ ಮಾಡಿದ ಮೇಲೆ ಕಪ್ಪು ಬಣ್ಣದಲ್ಲಿ ತೆಳು ಗೀರು ಹೊಸದಾಗಿ ಕಾಣಬಹುದು, ಗಾಬರಿ ಬೇಡ, ಮುಂದೆ ಪಾಲಿಶ್ ಇದೆ.

ಮೈಕ್ರಾನ್:
ಪಾಲಿಶ್ ನನ್ನ ಕಡೆಯಿಂದ. ಕೈಯಲ್ಲಿ ಉಜ್ಜಿದರೆ ತೋಳು ನೋಯುತ್ತೆ, ಗೀರು ಹೋಗಲ್ಲ. ಹೋದಂತೆ ಕಂಡರೆ ಅದು ಎಣ್ಣೆ ಗೀರಿನಲ್ಲಿ ತುಂಬಿಕೊಂಡಿರೋದು. ನಿಮ್ಮ ನಾಲ್ಕು ದಿನದ ಹೊಳಪಿನ ಗುಟ್ಟೂ ಅದೇ. ಡ್ಯುಯಲ್ ಆ್ಯಕ್ಷನ್ ಮೆಷಿನ್ ಬಾಡಿಗೆಗೋ ಎರವಲೋ ತನ್ನಿ, ರೋಟರಿ ಬೇಡ. ಡ್ಯುಯಲ್ ಆ್ಯಕ್ಷನ್‌ದು ತಿರುಗುತ್ತಾ ಓಲಾಡುತ್ತೆ, ಹೆಚ್ಚು ಒತ್ತಿದರೆ ತಿರುಗೋದು ತಾನೇ ನಿಲ್ಲುತ್ತೆ, ಹಾಗಾಗಿ ಪೇಂಟ್ ಸುಡೋದು ಕಷ್ಟ. 5 ಇಂಚಿನ ಪ್ಯಾಡ್: 3 ನುಣುಪು ಫೋಮ್, 1 ಮಧ್ಯಮ. ನುಣುಪು ಪಾಲಿಶ್ ಒಂದು ಬಾಟಲಿ. ಪ್ಲಾಸ್ಟಿಕ್, ರಬ್ಬರ್ ಅಂಚಿಗೆಲ್ಲಾ ಮಾಸ್ಕಿಂಗ್ ಟೇಪ್.

ಬಾನೆಟ್ಟಿನಲ್ಲಿ ಒಂದು ಚೌಕ ಮಾತ್ರ ಮೊದಲು ಪ್ರಯೋಗಕ್ಕೆ, ಸುಮಾರು 45 ಸೆಂಮೀ. ಹೊಸ ಪ್ಯಾಡಿಗೆ ಬಟಾಣಿಯಷ್ಟು 4-5 ಹನಿ, ಆಮೇಲಿನಿಂದ 3. ಸ್ಪೀಡ್ 1ರಲ್ಲಿ ಹರಡಿ, 6 ಮೆಟ್ಟಿಲಿನ ಮೆಷಿನ್ ಆದರೆ 4 ಅಥವಾ 5ಕ್ಕೆ ಏರಿಸಿ, ಅಡ್ಡ-ಉದ್ದ ಸೇರಿ 4ರಿಂದ 6 ಸುತ್ತು. ಸೆಕೆಂಡಿಗೆ 2-3 ಸೆಂಮೀ, ಇಸ್ತ್ರಿ ಪೆಟ್ಟಿಗೆಗಿಂತ ನಿಧಾನ. ಎಲ್ಲರೂ ತಪ್ಪೋದು ಇಲ್ಲೇ, ನೆಲ ಒರೆಸಿದಂತೆ ಓಡಿಸ್ತಾರೆ. ಒರೆಸಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ನೂರಕ್ಕೆ 15-20 ಭಾಗ, ಉಳಿದಿದ್ದು ಆರ್‌ಒ ನೀರು, ಅದರಿಂದ ಎಣ್ಣೆ ತೆಗೆದು ಟಾರ್ಚ್ ಹಾಕಿ ನೋಡಿ. 80 ಭಾಗ ಗೀರು ಹೋಗಿದ್ದರೆ ಅದೇ ವಿಧಾನ ಗಾಡಿಗೆಲ್ಲಾ. ಹೋಗಿಲ್ಲ ಅಂದರೆ ಮಾತ್ರ ಮಧ್ಯಮ ಪ್ಯಾಡ್. ತಗಡಿನ ಅಂಚು, ಉಬ್ಬುಗೆರೆಗಳ ಮೇಲೆ ಮೆಷಿನ್ ನಿಲ್ಲಿಸಬೇಡಿ, ಪೇಂಟ್ ಅಲ್ಲೇ ಅತಿ ತೆಳು.

ಕರಿಬಂಡಿ:
ಎರಡು ದಿನ ಹಿಡಿಯಿತು. ಬಾನೆಟ್, ಬಾಗಿಲು ಕನ್ನಡಿ! ಆದರೆ ಎಡಗಡೆ ಮಡ್‌ಗಾರ್ಡ್ ಮತ್ತು ಡಿಕ್ಕಿಯಲ್ಲಿ ಮಂಜು ಕವಿದಂತೆ ಇದೆ, ಪಾಲಿಶ್ ಪುಡಿಪುಡಿಯಾಗಿ ಉದುರುತ್ತಿತ್ತು. ಟಾಪ್ ಮೇಲಿನ ಅಚ್ಚು ಅರ್ಧ ಉಳಿದಿದೆ.

ಮೈಕ್ರಾನ್:
ಪುಡಿ ಉದುರಿತು ಅಂದರೆ ಪ್ಯಾಡ್ ತುಂಬಿ ಹೋಗಿದೆ, ಇಲ್ಲವೇ ತಗಡು ಬಿಸಿ ಇತ್ತು. ಆ ಎರಡು ಭಾಗಕ್ಕೆ ಬಂದಾಗ ನೀವು ಕೊನೇ ಪ್ಯಾಡಿನಲ್ಲಿ ಇದ್ದಿರಬೇಕು. ಪ್ರತಿ ಎರಡು ಚೌಕಕ್ಕೊಮ್ಮೆ ಮೆಷಿನ್ ತಿರುಗುವಾಗಲೇ ಪ್ಯಾಡಿಗೆ ಮೆದು ಬ್ರಷ್ ಹಿಡಿದು ಕೆರೆಯಬೇಕು, ಎರಡು ತಗಡಿಗೊಮ್ಮೆ ಪ್ಯಾಡ್ ಬದಲು. ತೊಳೆದು ಒಣಗಿದ ನುಣುಪು ಪ್ಯಾಡ್, 3 ಹನಿ, ಸ್ಪೀಡ್ 3-4, ಭಾರ ಬಿಟ್ಟು ಮೆಷಿನ್ನಿನ ತೂಕದಲ್ಲೇ 3 ಸುತ್ತು. ಮಂಜು ಹೋಗುತ್ತೆ.

ಟಾಪ್‌ಗೆ ಇನ್ನೊಂದೇ ಒಂದು ಸಲ ಮಧ್ಯಮ ಪ್ಯಾಡ್, ಅಲ್ಲಿಗೆ ನಿಲ್ಲಿಸಿ. ಕುಳಿಯ ತಳ ಮುಟ್ಟುವವರೆಗೆ ಸುತ್ತಲಿನ ಕ್ಲಿಯರ್ ಕೋಟ್ ಎಲ್ಲಾ ಇಳಿಸಬೇಕಾಗುತ್ತೆ. ಹೆಚ್ಚು ಬಿಸಿಲು ತಿನ್ನೋದು ಅದೇ ಟಾಪ್. ಯಾರೂ ಎತ್ತರದಿಂದ ಬಗ್ಗಿ ನೋಡದ ಜಾಗಕ್ಕೆ ಅಷ್ಟು ಬೆಲೆ ಕೊಡಬೇಡಿ.

ಗಾಜಿನ_ಹುಚ್ಚ:
ಗಾಜಿಗೆ ಬೇರೆ ಮದ್ದು. ಸೀರಿಯಂ ಆಕ್ಸೈಡ್ ಪುಡಿಯನ್ನು ನೀರಲ್ಲಿ ಮಜ್ಜಿಗೆ ಹದಕ್ಕೆ ಕಲಸಿ, ಫೆಲ್ಟ್ ಪ್ಯಾಡಿನಲ್ಲಿ, ಒಣಗದಂತೆ ನೀರು ಸಿಂಪಡಿಸ್ತಾ ಉಜ್ಜಿ. ಚಾಲಕನ ಕಣ್ಣಿನ ಮುಂದೆ ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ಉಜ್ಜಿದರೆ ನೋಟ ವಕ್ರವಾಗುತ್ತೆ, ಸಮವಾಗಿ ಹರಡಿ. ಪೇಂಟಿಗೆ ಸಿಡಿಯದಂತೆ ಟೇಪ್, ಪೇಪರ್. ವೈಪರ್ ರಬ್ಬರಿನಲ್ಲಿ ಸುಣ್ಣ ಕಟ್ಟಿದ್ದರೆ ಅದೇ ವಿನೆಗರ್ ಬಟ್ಟೆಯಿಂದ ಒರೆಸಿ.

ಕರಿಬಂಡಿ:
ಮಂಜು ಹೋಯ್ತು, ವ್ಯಾಕ್ಸೂ ಆಯ್ತು. ಆದರೆ ನೀರು ಅದೇ ಬೋರ್ ನೀರು. ಮುಂದಿನ ಭಾನುವಾರ ಮತ್ತೆ ಉಂಗುರ ಬರಲ್ವಾ?

ಎರಡುಬಕೆಟ್:
ಬೋರ್ ನೀರಲ್ಲಿ ತೊಳೆದು ಹಾಗೇ ಆರಲು ಬಿಟ್ಟರೆ ಬಂದೇ ಬರುತ್ತೆ. ತೊಳೆಯಲು ಬೋರ್ ನೀರೇ ಇರಲಿ, ಕೊನೆಯ ನೀರು ಬದಲಿಸಿ. ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರು ಗಾಳಿಯ ತೇವ ಇಳಿದದ್ದು, ಖನಿಜ ಇಲ್ಲವೆಂಬಷ್ಟು ಕಮ್ಮಿ. ಬಟ್ಟೆಯಲ್ಲಿ ಸೋಸಿ ಮೀಟರ್ ಅದ್ದಿ ನೋಡಿ. ಮಳೆ ನೀರೂ ಆಗುತ್ತೆ, ಮೊದಲ ಹತ್ತು ನಿಮಿಷದ್ದು ಬಿಟ್ಟು ಹಿಡಿಯಿರಿ. 8-10 ಲೀಟರ್, ಗಿಡಕ್ಕೆ ನೀರು ಹಾಕೋ ಝಾರಿಯಲ್ಲಿ ಟಾಪ್‌ನಿಂದ ಕೆಳಕ್ಕೆ ಸುರಿದರೆ ಸಾಕು. ಆರ್‌ಒ ಮೆಷಿನ್ ಹೊರಹಾಕೋ ನೀರನ್ನು ಮಾತ್ರ ಕಾರಿಗೆ ಹಾಕಬೇಡಿ. ಉಳಿತಾಯ ಅಂತ ಬಹಳ ಮಂದಿ ಹಾಕ್ತಾರೆ, ಶುದ್ಧ ನೀರಿನಿಂದ ಬೇರ್ಪಟ್ಟ ಸುಣ್ಣವೆಲ್ಲಾ ಅದರಲ್ಲೇ ಇರುತ್ತೆ, ಟಿಡಿಎಸ್ ನಿಮ್ಮ ಬೋರ್ ನೀರಿಗಿಂತ ಹೆಚ್ಚು. ನೆಲ ತೊಳೆಯಲು ಸರಿ.

ಕಾವೇರಿ ನೀರು ಮೆದು ನಿಜ, ಆದರೆ ಕುಡಿಯುವ ನೀರಲ್ಲಿ ವಾಹನ ತೊಳೆಯಬಾರದು ಅಂತ ಜಲಮಂಡಳಿ 2024ರ ಮಾರ್ಚ್‌ನಲ್ಲಿ ಆದೇಶ ಮಾಡಿ 5,000 ರೂಪಾಯಿ ದಂಡ ಇಟ್ಟಿತ್ತು. ಬೇಸಿಗೆಯಲ್ಲಿ ಅದರ ಆಸೆ ಬೇಡ.

ಗಾಡಿ ಬರೀ ಧೂಳಾಗಿದ್ದರೆ ರಿನ್ಸ್‌ಲೆಸ್ ವಾಶ್ (ಮತ್ತೆ ನೀರು ಹಾಯಿಸದೆ ಒರೆಸಿ ಮುಗಿಸುವ ದ್ರವ) ಅನುಕೂಲ. ಹೆಚ್ಚಿನವಕ್ಕೆ 1:256 ಅಳತೆ, ಅಂದರೆ 8 ಲೀಟರಿಗೆ ಸುಮಾರು 30 ಮಿಲಿ. ಅದೇ ದ್ರವ ಸ್ಪ್ರೇ ಬಾಟಲಿಯಲ್ಲಿ ತುಂಬಿ ತಗಡು ತೋಯಿಸಿ 2 ನಿಮಿಷ ಬಿಡಿ, ಆಮೇಲೆ 6-8 ಮೈಕ್ರೋಫೈಬರ್ ಬಟ್ಟೆ ಅದ್ದಿಟ್ಟು ಒಂದು ತಗಡಿಗೆ ಒಂದು ಬಟ್ಟೆ, ಬಳಸಿದ್ದು ವಾಪಸ್ ಬಕೆಟ್ಟಿಗೆ ಇಲ್ಲ. ಹಿಂದೆಯೇ ಒಣ ಟವೆಲ್. ಮಳೆಗಾಲದ ಕೆಸರು ಮೆತ್ತಿದ್ದರೆ ಮೊದಲು ಪೈಪ್ ಹಿಡಿಯಲೇಬೇಕು.

ಒರೆಸಲು ಶಾಮಿ ಲೆದರ್ ಬೇಡ, ಉಳಿದ ಕಣವನ್ನು ಎಳೆದುಕೊಂಡು ಹೋಗುತ್ತೆ. ದಪ್ಪ ತಿರುಚು ನೂಲಿನ ಡ್ರೈಯಿಂಗ್ ಟವೆಲ್ ಹಾಸಿ, ಎಳೆದು ತೆಗೆಯಿರಿ. ಕನ್ನಡಿ, ಹ್ಯಾಂಡಲ್, ನಂಬರ್ ಪ್ಲೇಟ್ ಸಂದಿನಿಂದ ಹತ್ತು ನಿಮಿಷದ ಮೇಲೂ ನೀರು ಇಳಿಯುತ್ತೆ, ಇನ್ನೊಂದು ಸುತ್ತು ನೋಡಿ. ಕಾರ್ನುಬಾ (ತಾಳೆ ಜಾತಿ ಮರದ ಎಲೆಯ ಮೇಣ) ವ್ಯಾಕ್ಸ್ ನಮ್ಮ ಬಿಸಿಲಲ್ಲಿ ಒಂದೆರಡು ತಿಂಗಳು. ತೆರೆದ ಪಾರ್ಕಿಂಗಿಗೆ ಸಿಂಥೆಟಿಕ್ ಸೀಲೆಂಟ್ (ವ್ಯಾಕ್ಸ್ ಬದಲು ಬಳಿಯುವ ಕೃತಕ ರಕ್ಷಣಾ ಲೇಪ) ವಾಸಿ. ಯಾವುದಾದರೂ ತೆಳುವಾಗಿ, ದಪ್ಪ ಬಳಿದರೆ ಒರೆಸೋ ಶ್ರಮ ಮಾತ್ರ ಹೆಚ್ಚು. ಹಕ್ಕಿ ಹಿಕ್ಕೆ ಬಿದ್ದರೆ ಭಾನುವಾರಕ್ಕೆ ಕಾಯಬೇಡಿ, ಒದ್ದೆ ಟಿಶ್ಯೂ 5 ನಿಮಿಷ ಹಾಸಿ, ನೆಂದ ಮೇಲೆ ಎತ್ತಿ. ಹೊಂಗೆಯಿಂದ ಬೀಳೋ ಅಂಟಿಗೆ ಮೇಲೆ ಹೇಳಿದ ಆಲ್ಕೋಹಾಲ್ ಮಿಶ್ರಣ, ಆ ಜಾಗಕ್ಕೆ ಮತ್ತೆ ವ್ಯಾಕ್ಸ್.

ಸರ್ವಿಸ್_ರಸ್ತೆ:
ಡೀಸೆಲ್ ಒರೆಸಿದರೆ ಕಪ್ಪು ಪ್ಲಾಸ್ಟಿಕ್ ಮಿರಮಿರ ಅನ್ನುತ್ತಲ್ಲ, ಅದಾದರೂ ಸರಿಯಾ?

ಗಾಜಿನ_ಹುಚ್ಚ:
ಅದೂ ಇಲ್ಲ 😄 ರಬ್ಬರ್ ಉಬ್ಬುತ್ತೆ, ಧೂಳು ಅಂಟುತ್ತೆ, ಎರಡು ದಿನಕ್ಕೆ ಬೂದಿ ಬಣ್ಣ. ನೀರು ಆಧಾರದ ಟ್ರಿಮ್ ಡ್ರೆಸ್ಸಿಂಗ್ ತಗೊಳ್ಳಿ.

ಕರಿಬಂಡಿ:
ಕೊನೇ ಪ್ರಶ್ನೆ. ದಿನಾ ಒರೆಸುವವರನ್ನು ಬಿಡಿಸೋಕೆ ಮನಸ್ಸಿಲ್ಲ, ತಿಂಗಳ ಲೆಕ್ಕದಲ್ಲಿ ಹತ್ತಾರು ಗಾಡಿ ನೋಡ್ಕೊಳ್ತಾರೆ. ಏನು ಮಾಡಲಿ?

ಎರಡುಬಕೆಟ್:
ಬಿಡಿಸಬೇಡಿ, ಕೆಲಸ ಬದಲಿಸಿ. ಹತ್ತಾರು ಗಾಡಿಗೆ ಒಂದೇ ಬಕೆಟ್, ಒಂದೇ ಬಟ್ಟೆ, ಹಿಂದಿನ ಗಾಡಿಯ ಮರಳು ನಿಮ್ಮ ಬಾನೆಟ್ ಮೇಲೆ. ಆ ಮರಳಿನ ಬೆಣಚು ಕ್ಲಿಯರ್ ಕೋಟಿಗಿಂತ ಎಷ್ಟೋ ಗಟ್ಟಿ. ಗಾಜು, ಚಕ್ರ, ಒಳಗಿನ ಮ್ಯಾಟ್ ದಿನಾ ಮಾಡಿ, ಪೇಂಟ್ ಮುಟ್ಟಬೇಡಿ ಅಂತ ಹೇಳಿ, ಸಂಬಳ ಅಷ್ಟೇ ಇರಲಿ. ಗಾಜಿಗೊಂದು, ಚಕ್ರಕ್ಕೊಂದು ಬೇರೆ ಬಣ್ಣದ ಬಟ್ಟೆ ನೀವೇ ಕೊಡಿ, ವಾರಕ್ಕೊಮ್ಮೆ ಒಗೆಯೋಕೆ ವಾಪಸ್ ತಗೊಳ್ಳಿ. ಒಗೆಯುವಾಗ ಕಂಫರ್ಟ್ ಥರದ್ದು ಹಾಕಬೇಡಿ, ನೂಲು ನೀರು ಹೀರೋದು ಬಿಡುತ್ತೆ.